ಹದಿನಾಲ್ಕನೆಯ ತಿರುವಿನ ಸುಣ್ಣ

ಲೋಟದ ಚಹಾ ಚೆಲ್ಲಲಿಲ್ಲ. ಕಂಠದವರೆಗೆ ತುಂಬಿಸಿ ಕಿಟಕಿ ಪಕ್ಕದ ಹಲಗೆಯ ಮೇಲೆ ಇಟ್ಟಿದ್ದ ಗಾಜಿನ ಲೋಟ ಅದು. ಆರು ಮಂದಿ ಹಿರಿಯ ಅಧಿಕಾರಿಗಳೂ ಇಬ್ಬರು ಪತ್ರಕರ್ತರೂ ಬಗ್ಗಿ ನಿಂತು ಅದನ್ನೇ ನೋಡುತ್ತಿದ್ದರು. ರೈಲು ಕೋಡಬಾರೆ ಘಟ್ಟವನ್ನು ಗಂಟೆಗೆ ಎಂಬತ್ತು ಕಿಲೋಮೀಟರಿನಂತೆ ಇಳಿಯುತ್ತಿತ್ತು. ಹಿಂದೆಲ್ಲ ಇದೇ ಘಟ್ಟವನ್ನು ಮೂವತ್ತರ ವೇಗದಲ್ಲಿ ಇಳಿಯುವಾಗಲೂ ಜನ ಸೀಟಿನ ಅಂಚು ಹಿಡಿದು ಕೂರುತ್ತಿದ್ದರು. ಈಗ ಪ್ರತಿ ತಿರುವಿನಲ್ಲೂ ಚಹಾದ ಕೆನೆ ಒಂದಿಷ್ಟು ವಾಲುತ್ತಿತ್ತು, ಮತ್ತೆ ನೆಟ್ಟಗಾಗುತ್ತಿತ್ತು. ಇಪ್ಪತ್ತೆರಡು ತಿರುವುಗಳು ಮುಗಿದು ಕೆಳಗಿನ ನಿಲ್ದಾಣ ಬಂದಾಗ ಡಾ. ಇಂದುಮತಿ ಕಮತರ ಆ ಲೋಟವನ್ನು ಎತ್ತಿ, ಆರಿಹೋಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಇದು ಎರಡು ಸಾವಿರದ ಐವತ್ತೆರಡನೆಯ ಇಸವಿಯ ಮಾತು.

ಇಂದುಮತಿ ಹುಬ್ಬಳ್ಳಿಯವರು. ಅವರ ತಂದೆ ರೈಲಿನ ಡಬ್ಬಿಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸದಲ್ಲಿದ್ದವರು. ಬಲಗೈಯ ಎರಡು ಬೆರಳುಗಳನ್ನು ಕೊಂಡಿಯ ನಡುವೆ ಕೊಟ್ಟು ಮನೆಗೆ ಬಂದಿದ್ದರು. ಆ ಮೋಟು ಬೆರಳುಗಳ ಕೈಯಿಂದ ತುತ್ತು ತಿಂದು ಬೆಳೆದ ಮಗಳು ಕೊಂಡಿಯ ಮೇಲೆ ಹಟ ಸಾಧಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಅವರು ಮಾಡಿದ್ದು ಇಷ್ಟು. ರೈಲು ತಿರುಗುವಾಗ ಅಕ್ಕಪಕ್ಕದ ಎರಡು ಡಬ್ಬಿಗಳ ತುದಿಗಳು ಒಂದೇ ಗೆರೆಯಲ್ಲಿ ಇರುವುದಿಲ್ಲ. ಒಂದು ಹೊರಕ್ಕೆ ಹೋದರೆ ಇನ್ನೊಂದು ಒಳಕ್ಕೆ ಬರುತ್ತದೆ. ನಡುವಿನ ಕೊಂಡಿ ಬಿಗಿಯಾಗಿದ್ದರೆ ಎರಡನ್ನೂ ಜಗ್ಗುತ್ತದೆ. ಗಾಲಿಯ ಅಂಚು ಹಳಿಗೆ ಉಜ್ಜುತ್ತದೆ, ಡಬ್ಬಿ ಕುಲುಕುತ್ತದೆ. ಇಂದುಮತಿಯವರ ಕೊಂಡಿಯ ತಲೆ ಬಾಗಿದ ಒಂದು ಉಕ್ಕಿನ ತೊಟ್ಟಿಲಲ್ಲಿ ಕೂತಿತ್ತು. ತಿರುವು ಬಂದಾಗ ಅದು ತಾನಾಗಿ ಅಡ್ಡಕ್ಕೆ ಜಾರುತ್ತಿತ್ತು. ತೊಟ್ಟಿಲಿನ ಎರಡೂ ಬದಿಯಲ್ಲಿ ಎಣ್ಣೆ ತುಂಬಿದ ಕೊಳವೆಗಳು. ಒಂದು ಡಬ್ಬಿ ಓಲಾಡಲು ಹೊರಟರೆ, ಹಿಂದಿನದೂ ಮುಂದಿನದೂ ಆ ಕೊಳವೆಗಳ ಮೂಲಕ ಅದನ್ನು ಹಿಡಿದು ನಿಲ್ಲಿಸುತ್ತಿದ್ದವು. ಎಡಕ್ಕೆ ನೂರ ಹತ್ತು ಮಿಲಿಮೀಟರ್, ಬಲಕ್ಕೆ ನೂರ ಹತ್ತು, ಅಂದರೆ ಸುಮಾರು ಅರ್ಧ ಗೇಣು. ಅದು ಕೊಂಡಿಯ ಮಿತಿ. ಜನ ಅದಕ್ಕೆ ಜಾರುಕೊಂಡಿ ಎಂದು ಹೆಸರಿಟ್ಟರು.

ಆ ಮೊದಲ ಓಟದ ದಿನ ಕಡೆಯ ಡಬ್ಬಿಯಲ್ಲಿ ಒಬ್ಬರು ಚಹಾ ನೋಡಲು ಬಾರದೆ ಕೂತೇ ಇದ್ದರು. ಅವರು ದಾವಲಸಾಬ ನದಾಫ, ಘಟ್ಟದ ಹಳಿಯ ಇನ್‌ಸ್ಪೆಕ್ಟರು. ಮಡಿಲಲ್ಲಿ ಒಂದು ಬಟ್ಟೆಚೀಲ, ಚೀಲದೊಳಗೆ ಹಳೆ ಪೇಪರಿನಲ್ಲಿ ಕಟ್ಟಿದ ಸುಣ್ಣದ ಪುಡಿಯ ಐದು ಪೊಟ್ಟಣ. ಅವರ ಕೆಲಸದ ರೀತಿ ಅವರ ಅಜ್ಜನ ಕಾಲದ್ದು. ರೈಲಿನ ಬಾಲದ ಡಬ್ಬಿ ಎಲ್ಲಕ್ಕಿಂತ ಹೆಚ್ಚು ಕುಲುಕುತ್ತದೆ. ಇನ್‌ಸ್ಪೆಕ್ಟರು ಅಲ್ಲಿ ಕೂತು, ಎಲ್ಲಿ ಮೈ ಜರಕ್ ಎನ್ನುತ್ತದೋ ಅಲ್ಲಿ ಒಂದು ಪೊಟ್ಟಣ ಎಸೆಯಬೇಕು. ಪೊಟ್ಟಣ ಒಡೆದು ಹಳಿಯ ನಡುವೆ ಬಿಳಿ ಗುರುತು ಬೀಳುತ್ತದೆ. ಮರುದಿನ ಬೆಳಿಗ್ಗೆ ಗ್ಯಾಂಗಿನವರು ಹಾರೆ ಹೊತ್ತು ಬಂದು, ಬಿಳಿ ಕಂಡಲ್ಲಿ ಜಲ್ಲಿ ಬಡಿದು ಹಳಿಯನ್ನು ಸರಿಪಡಿಸುತ್ತಾರೆ. ಸುಣ್ಣ ಬಿದ್ದಲ್ಲಿಗೆ ಗ್ಯಾಂಗು ಹೋಗಬೇಕು, ಬೀಳದಿದ್ದರೆ ಇಲ್ಲ. ಎಷ್ಟು ಯಂತ್ರಗಳು ಬಂದರೂ ಘಟ್ಟದಲ್ಲಿ ಈ ಪದ್ಧತಿ ಉಳಿದುಕೊಂಡಿತ್ತು.

ಕೆಳಗಿನ ನಿಲ್ದಾಣದಲ್ಲಿ ನದಾಫ ಚೀಲ ಹಿಡಿದು ಇಂದುಮತಿಯವರ ಮುಂದೆ ಬಂದು ನಿಂತರು.

"ಐದಕ್ಕ ಐದೂ ಹಂಗ ಅದಾವ್ರಿ ಮೇಡಂ. ಒಂದೂ ಒಗೀಲಿಲ್ಲ," ಎಂದರು.

"ಒಳ್ಳೇದಾತಲ್ರಿ ನದಾಫರ. ಇನ್ನ ಮುಂದ ಸುಣ್ಣ ಎಲಿ ಅಡಕಿಗೆ ಇಟ್ಕೋರಿ," ಎಂದು ಇಂದುಮತಿ ನಕ್ಕರು. ಸುತ್ತ ಇದ್ದವರೂ ನಕ್ಕರು. ನದಾಫರೂ ನಕ್ಕರು, ಮರ್ಯಾದೆಗೆ.

ಆಮೇಲಿನ ಐದಾರು ವರ್ಷ ಜಾರುಕೊಂಡಿಗೆ ಬಂದ ಹೆಸರನ್ನು ಏನು ಹೇಳುವುದು. ಹದಿನೆಂಟು ಡಬ್ಬಿಯ ರೈಲು ನಲವತ್ತು ಡಬ್ಬಿಯದಾಯಿತು. ಹುಬ್ಬಳ್ಳಿಯಿಂದ ಕರಾವಳಿಗೆ ಎರಡೂವರೆ ಗಂಟೆ. ತುಂಬು ಗರ್ಭಿಣಿಯರು ತವರಿಗೆ ನಿಶ್ಚಿಂತೆಯಿಂದ ಹೊರಟರು. ಆಪರೇಷನ್ ಆದ ರೋಗಿಗಳನ್ನು ಮಲಗಿಸಿಕೊಂಡೇ ಊರಿಗೆ ಕರೆದೊಯ್ದರು. ಚಹಾ ಮಾರುವವರು ಲೋಟ ಪೂರ್ತಿ ತುಂಬಿಸಿ ಕೊಡತೊಡಗಿದರು. ಅರ್ಧ ಕೊಟ್ಟರೆ ಗಿರಾಕಿಗಳು ಜಗಳಕ್ಕೇ ಬರುತ್ತಿದ್ದರು. ಘಟ್ಟದ ಹೆಸರು ಕೇಳಿದರೆ ವಾಂತಿ ಮಾಡಿಕೊಳ್ಳುತ್ತಿದ್ದ ಮಕ್ಕಳ ಪೀಳಿಗೆ ಮುಗಿದು, ಘಟ್ಟ ಯಾವಾಗ ದಾಟಿತೆಂದು ಕೇಳುವ ಪೀಳಿಗೆ ಬಂತು.

ಇತ್ತ ಹಳಿಯ ಮೇಲೆ ಸುಣ್ಣ ಬೀಳುವುದು ನಿಂತೇಹೋಯಿತು. ಸುಣ್ಣ ಬೀಳದ ಮೇಲೆ ಗ್ಯಾಂಗಿಗೆ ಕೆಲಸವೇನು? ಘಟ್ಟದ ಮೂರು ಗ್ಯಾಂಗುಗಳು ಎರಡಾದವು, ಎರಡು ಒಂದಾಯಿತು. ಹಳಿಯ ಅಳತೆ ತೆಗೆಯುವ ಗಾಡಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ತನ್ನ ಮೈ ಎಷ್ಟು ಕುಲುಕಿತೆಂದು ಅಳೆದು ಹಳಿಯ ದೋಷ ಹೇಳುವ ಗಾಡಿ ಅದು. ವೇಗದ ರೈಲಿನ ಬಾಲಕ್ಕೆ ಕಟ್ಟಿ ಓಡಿಸಲು ಅನುಕೂಲವಾಗಲಿ ಎಂದು ಅದಕ್ಕೂ ಜಾರುಕೊಂಡಿ ಹಾಕಿದರು. ಹಾಕಬಹುದು ಎಂಬ ಕಾಗದಕ್ಕೆ ಸಹಿ ಮಾಡಿದವರು ಇಂದುಮತಿಯವರೇ. ಒಂದೇ ಒಂದು ಸಹಿ, ಅದೂ ಊಟಕ್ಕೆ ಏಳುವ ಗಡಿಬಿಡಿಯಲ್ಲಿ.

ಎಂಟನೆಯ ವರ್ಷ ಒಂದು ಮಧ್ಯಾಹ್ನ ನದಾಫ ಇಂದುಮತಿಯವರ ಪ್ರಯೋಗಾಲಯಕ್ಕೆ ಬಂದರು. ನಿವೃತ್ತರಾಗಿ ಆರು ತಿಂಗಳಾಗಿತ್ತು. ಕೈಯಲ್ಲಿ ಅದೇ ಚೀಲ.

"ಕೂಡ್ರಿ ನದಾಫರ. ಏನ್ ಇಷ್ಟು ದೂರ?"

"ಒಂದ್ ಹಳೇ ಡಬ್ಬಿ ಬೇಕಿತ್ರಿ ಮೇಡಂ. ಬಿಗಿ ಕೊಂಡೀದು. ವಾರಕ್ಕೊಮ್ಮೆ ಯಾವುದರ ಒಂದು ಗಾಡೀ ಕಡೀಗೆ ಅದನ್ನ ಹಚ್ಚಿದ್ರ ಸಾಕು. ನಾನ ಕೂಡ್ತೀನಿ, ಪಗಾರ ಬ್ಯಾಡ."

"ಯಾಕ್ರಿ?"

"ನನಗ ಘಟ್ಟ ತಿಳೀವಲ್ದು. ವಾರಾ ವಾರಾ ಪಾಸಿನ ಮ್ಯಾಲ ಹೋಗಿ ಬರ್ತೀನಿ, ಗಾರ್ಡ್ ಗುರ್ತಿನವ, ಹಿಂದಿನ ಬಾಗಿಲದಾಗ ನಿಂದ್ರಾಕ ಬಿಡ್ತಾನ. ಎಂಟು ವರ್ಷ ಆತು, ಒಂದ್ ಪೊಟ್ಟಣ ಒಗದಿಲ್ಲ. ಹಂಗಂತ ಹಳಿ ಚಲೋ ಅದಾವು ಅಂತ ಹೆಂಗ ಹೇಳೂದ್ರಿ? ಮಳಿ ಹಂಗ ಬೀಳಾಕತ್ತೈತಿ, ಗುಡ್ಡ ಅಲ್ಲೇ ಐತಿ. ನೆಟ್ಟಗಾಗಿದ್ದು ಡಬ್ಬಿ ಅಷ್ಟ."

ಇಂದುಮತಿಗೆ ಸ್ವಲ್ಪ ಕೋಪ ಬಂತು. ವಯಸ್ಸಾದ ಮನುಷ್ಯ, ಕೆಲಸ ಹೋದ ಸಂಕಟ ಎಂದುಕೊಂಡು ತಾಳಿಕೊಂಡರು. ಬಾಲಕ್ಕೆ ಬಿಗಿ ಕೊಂಡಿಯ ಡಬ್ಬಿ ಕಟ್ಟಿದರೆ ಅದರ ಕುಲುಕಾಟ ಮುಂದಿನ ಡಬ್ಬಿಗಳಿಗೂ ದಾಟುತ್ತದೆ, ಪ್ರಯಾಣಿಕರು ಸುಮ್ಮನಿರುವುದಿಲ್ಲ ಎಂದು ವಿವರಿಸಿದರು. ಪ್ರತಿ ಜಾರುಕೊಂಡಿಯೂ ತಾನು ಎಷ್ಟು ಜಾರಿದೆನೆಂದು ಬರೆದಿಡುತ್ತದೆ, ಏನೂ ಕಣ್ತಪ್ಪುವುದಿಲ್ಲ ಎಂದರು. ನಂಬಿಕೆ ಬರಲೆಂದು ಗೋಡೆಯ ಪರದೆಯ ಮೇಲೆ ಒಂದು ಗೆರೆಯ ಚಿತ್ರ ತೋರಿಸಿದರು. ಹದಿನಾಲ್ಕನೆಯ ತಿರುವಿನಲ್ಲಿ ಕೊಂಡಿ ಜಾರಿದ ಲೆಕ್ಕ ಅದು. ಮೊದಲ ವರ್ಷ ಅರವತ್ತೆರಡು ಮಿಲಿಮೀಟರ್. ಮೂರನೆಯ ವರ್ಷ ಎಪ್ಪತ್ತು. ಈಗ ತೊಂಬತ್ತೈದು. ಈ ಚಿತ್ರವನ್ನು ಅವರು ಎಷ್ಟೋ ಸಭೆಗಳಲ್ಲಿ ತೋರಿಸಿದ್ದರು. ನೋಡಿ, ನಮ್ಮ ಕೊಂಡಿ ವರ್ಷ ವರ್ಷ ಎಷ್ಟು ಹೆಚ್ಚು ದುಡಿಯುತ್ತಿದೆ ಎಂದಾಗ ಸಭೆ ಚಪ್ಪಾಳೆ ತಟ್ಟುತ್ತಿತ್ತು.

ನದಾಫ ಚಪ್ಪಾಳೆ ತಟ್ಟಲಿಲ್ಲ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ತಿರುವು ಇದ್ದಷ್ಟ ಐತಲ್ರಿ ಮೇಡಂ. ಕೊಂಡಿ ಯಾಕ ವರ್ಷ ವರ್ಷ ಜಾಸ್ತಿ ಸರೀಬೇಕು?"

"ಡಬ್ಬಿ ಜಾಸ್ತಿ ಆದುವಲ್ರಿ, ಭಾರ ಜಾಸ್ತಿ ಆತು. ಅದಕ್ಕ."

"ಹಂಗಾರ ಹದಿಮೂರನೇ ತಿರುವಿನಾಗೂ ಹಿಂಗ ಜಾಸ್ತಿ ಆಗಿರಬೇಕಲ್ರಿ," ಎಂದರು ನದಾಫ. ಆಮೇಲೆ ತಾವೇ ಹಿಂದೆ ಸರಿದು, "ಇರ್ಲಿ ಬಿಡ್ರಿ. ನೀವು ಓದಿದವ್ರು, ನಿಮಗ ಗೊತ್ತಿರತೈತಿ," ಎಂದು ಚೀಲ ಎತ್ತಿಕೊಂಡು ಹೋದರು.

ಹದಿಮೂರನೆಯ ತಿರುವಿನ ಗೆರೆಯನ್ನು ತೆಗೆದು ನೋಡಲು ಇಂದುಮತಿಗೆ ಎರಡು ನಿಮಿಷ ಸಾಕಿತ್ತು. ಅವರು ನೋಡಲಿಲ್ಲ. ಆ ಹೊತ್ತಿಗೆ ಯಾರೋ ಫೋನ್ ಮಾಡಿದರು, ಮಾತು ಬೇರೆ ಕಡೆ ಹೊರಳಿತು. ಅಷ್ಟೇ ನಡೆದದ್ದು. ಇದಕ್ಕಿಂತ ದೊಡ್ಡ ಕಾರಣ ಬೇಕೆಂದು ಅವರು ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ.

ಮರುವರ್ಷ ಆಗಸ್ಟಿನ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂ ನಲವತ್ತಕ್ಕೆ, ನಲವತ್ತು ಡಬ್ಬಿಯ ರೈಲಿನ ಕಡೆಯ ಮೂರು ಡಬ್ಬಿಗಳು ಹದಿನಾಲ್ಕನೆಯ ತಿರುವಿನಲ್ಲಿ ಹಳಿ ಬಿಟ್ಟು ಕಣಿವೆಗೆ ಬಿದ್ದವು. ನಲವತ್ತೊಂದು ಮಂದಿ ಸತ್ತರು. ಬದುಕಿದವರೆಲ್ಲ ಒಂದೇ ಮಾತು ಹೇಳಿದರು: ಏನೂ ಗೊತ್ತಾಗಲಿಲ್ಲ, ಎಲ್ಲ ಸರಿಯಾಗೇ ಇತ್ತು.

ಆಗಿದ್ದು ಸರಳ. ಆ ತಿರುವಿನ ಹೊರಬದಿಯ ಮಣ್ಣು ಒಂಬತ್ತು ವರ್ಷ ಮಳೆಗೆ ಸ್ವಲ್ಪ ಸ್ವಲ್ಪವೇ ಕುಸಿಯುತ್ತ ಹಳಿಯನ್ನೂ ಜೊತೆಗೆ ಒಯ್ಯುತ್ತಿತ್ತು. ಹಳಿ ಸರಿದಷ್ಟೂ ಕೊಂಡಿ ಸರಿದು, ಆ ದೋಷವನ್ನು ನುಂಗಿ, ಡಬ್ಬಿಯನ್ನು ನೆಟ್ಟಗೆ ಇಟ್ಟಿತ್ತು. ಆ ಮಂಗಳವಾರ ಅದು ನೂರ ಹತ್ತನ್ನು ಮುಟ್ಟಿತು. ಮುಂದೆ ಜಾರಲು ಜಾಗವಿರಲಿಲ್ಲ. ಒಂಬತ್ತು ವರ್ಷ ಯಾರ ಮೈಗೂ ತಾಗದ ಕುಲುಕಾಟವೆಲ್ಲ ಒಂದೇ ಏಟಿಗೆ ಕಡೆಯ ಡಬ್ಬಿಗಳ ಮೇಲೆ ಬಂತು.

ಇಂದುಮತಿ ಮರುದಿನ ಅಲ್ಲಿಗೆ ಹೋದರು. ಕಣಿವೆಯತ್ತ ನೋಡಲು ಧೈರ್ಯ ಸಾಲದೆ ಹಳಿಯ ಗುಂಟ ಹಿಂದಕ್ಕೆ ನಡೆದರು. ಡಬ್ಬಿಗಳು ಹಳಿ ಬಿಟ್ಟ ಜಾಗದಿಂದ ಅರವತ್ತು ಹೆಜ್ಜೆ ಹಿಂದೆ, ಎರಡು ಹಳಿಗಳ ನಡುವೆ, ಜಲ್ಲಿಯ ಮೇಲೆ ಅಂಗೈಯಗಲ ಬೆಳ್ಳಗೆ ಏನೋ ಚೆಲ್ಲಿತ್ತು. ರಾತ್ರಿಯ ತುಂತುರಿಗೆ ನೆನೆದು ಕಲ್ಲಿಗೆ ಹತ್ತಿಕೊಂಡಿತ್ತು.

"ಬ್ಲೀಚಿಂಗ್ ಪೌಡರ್ ಇರಬೇಕ್ರಿ," ಎಂದ ಜೊತೆಗಿದ್ದ ಕೆಲಸಗಾರ. "ನಿನ್ನೆ ಹೆಣ ತಗದವರು ತಂದಿದ್ರು."

ಇಂದುಮತಿ ಬಗ್ಗಿ, ಕಲ್ಲಿಗೆ ಅಂಟಿದ್ದ ಹಳೆ ಪೇಪರಿನ ಚೂರೊಂದನ್ನು ಬಿಡಿಸಿ ತೆಗೆದರು.

ಮೂರು ದಿನದ ಮೇಲೆ ಹುಬ್ಬಳ್ಳಿಯಲ್ಲಿ ನದಾಫರ ಮನೆಗೆ ಹೋದಾಗ ಅವರ ಹೆಂಡತಿ ಹಜರತಬಿ ಬಟ್ಟೆಚೀಲವನ್ನು ತಂದು ಮುಂದೆ ಇಟ್ಟರು. ಆಸ್ಪತ್ರೆಯವರು ನದಾಫರ ಹೆಣದ ಜೊತೆ ಕೊಟ್ಟಿದ್ದು. ಚೀಲದೊಳಗೆ ನಾಲ್ಕು ಪೊಟ್ಟಣಗಳಿದ್ದವು.

"ಯಾವಾಗೂ ಐದು ಕಟ್ಟಿ ಕೊಡ್ತಿದ್ದೆರಿ," ಎಂದರು ಹಜರತಬಿ. "ಐದೂ ತಿರುಗಿ ತರತಿದ್ರು. ತಂದು, ಈ ಸಲಾನೂ ಇಲ್ಲ ನೋಡು ಅಂತಿದ್ರು."

ಇಂದುಮತಿ ತಪ್ಪಾಯಿತು ಎಂದು ಹೇಳಲು ಬಂದಿದ್ದರು. ಆದರೆ ಆ ಮನೆಯಲ್ಲಿ ಅದನ್ನು ಹೇಳಿ ತಾವು ಹಗುರಾಗುವುದು ನಾಚಿಕೆಗೇಡು ಅನ್ನಿಸಿತು.

ವಿಚಾರಣಾ ಸಮಿತಿಯ ಮುಂದೆ ಮಾತ್ರ ಎಲ್ಲವನ್ನೂ ಹೇಳಿದರು. ಹದಿನಾಲ್ಕರ ಏರುವ ಗೆರೆ, ಹದಿಮೂರರ ಮಟ್ಟಸವಾದ ಗೆರೆ, ಎರಡನ್ನೂ ಒಟ್ಟಿಗೆ ತೋರಿಸಿದರು. ಅಳತೆ ಗಾಡಿಯ ಕಾಗದದ ಮೇಲಿನ ತಮ್ಮ ಸಹಿಯನ್ನೂ ತೋರಿಸಿದರು. ಸಮಿತಿಯ ಅಧ್ಯಕ್ಷರು ಸಜ್ಜನರು, ತಾಳ್ಮೆಯಿಂದ ಕೇಳಿಸಿಕೊಂಡರು.

"ಕೊಂಡಿಯ ಮಿತಿ ನೂರ ಹತ್ತು ಅಂದಿರಿ. ಅದನ್ನು ನೂರ ಅರವತ್ತು ಮಾಡಲು ಆಗುತ್ತದೆಯೇ ಡಾಕ್ಟರೇ?"

"ಆಗುತ್ತದೆ. ಆದರೆ ಸರ್, ಆಗ ಗುಡ್ಡ ಇನ್ನಷ್ಟು ಕುಸಿದ ಮೇಲೆ ನಮಗೆ ಗೊತ್ತಾಗುತ್ತದೆ."

"ಅಷ್ಟು ವರ್ಷ ಹೆಚ್ಚು ಸಿಗುತ್ತದಲ್ಲ," ಎಂದರು ಅಧ್ಯಕ್ಷರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಹಾಗೆಂದುಕೊಂಡಿದ್ದರು.

ಇಂದುಮತಿ ಹಟ ಹಿಡಿದು, ರೈಲಿನ ಬಾಲಕ್ಕೆ ಬಿಗಿ ಕೊಂಡಿಯ ಹಳೆಯ ಡಬ್ಬಿಯೊಂದನ್ನು ಕಟ್ಟಿಸಿದರು. ನದಾಫ ಬೇಡಿದ್ದು ಅದನ್ನೇ. ಮೂರು ವಾರ ಓಡಿತು. ಮುಂದಿನ ಡಬ್ಬಿಯವರು ತಲೆ ಸುತ್ತುತ್ತದೆ, ಲೋಟ ನಿಲ್ಲುವುದಿಲ್ಲ ಎಂದು ಆರುನೂರು ದೂರು ಬರೆದರು. ನಲವತ್ತೊಂದು ಹೆಣ ಬಿದ್ದ ಮಾರ್ಗದ ಜನವೇ ಬರೆದದ್ದು. ನಾಲ್ಕನೆಯ ವಾರ ಡಬ್ಬಿಯನ್ನು ಬಿಚ್ಚಿದರು. ಇಂದುಮತಿ ರಾಜೀನಾಮೆ ಕೊಟ್ಟರು. ನಕ್ಷೆಗಳು ಸಂಸ್ಥೆಯ ಬಳಿಯೇ ಇದ್ದವು. ಅವರೇ ಕಲಿಸಿದ ಕಿರಿಯರು ನೂರ ಅರವತ್ತರ ಕೊಂಡಿಯನ್ನು ಒಂದೇ ವರ್ಷದಲ್ಲಿ ಮುಗಿಸಿದರು. ಅಚ್ಚುಕಟ್ಟಾದ ಕೆಲಸ, ಇಂದುಮತಿಗೂ ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಈಗ ಪ್ರತಿ ಮಂಗಳವಾರ ಇಂದುಮತಿ ಟಿಕೆಟು ಕೊಂಡು ಕಡೆಯ ಡಬ್ಬಿಯಲ್ಲಿ ಹೋಗುತ್ತಾರೆ. ಹಜರತಬಿ ಐದು ಪೊಟ್ಟಣ ಕಟ್ಟಿ ಕೊಡುತ್ತಾರೆ. ಹಿಂದಿನ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ, ಅಂಗಾಲನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾರೆ. ನದಾಫರ ಕಾಲಿಗೆ ಮೂವತ್ತೊಂದು ವರ್ಷ ಕುಲುಕಿದ ಅಭ್ಯಾಸವಿತ್ತು, ಕಡೆಗೊಮ್ಮೆ ಅರವತ್ತು ಹೆಜ್ಜೆ ಮೊದಲು ತಿಳಿಯಿತು. ಇವರ ಕಾಲಿಗೆ ಆ ಅಭ್ಯಾಸವಿಲ್ಲ, ಆಗುವಂತೆಯೂ ಇಲ್ಲ. ಕಲಿಸಬಲ್ಲ ಡಬ್ಬಿ ಎಲ್ಲೂ ಉಳಿದಿಲ್ಲ. ಹದಿನಾಲ್ಕನೆಯ ತಿರುವು ಬರುತ್ತದೆ, ಹೋಗುತ್ತದೆ. ಐದೂ ಪೊಟ್ಟಣಗಳನ್ನು ವಾಪಸು ತಂದು ಹಜರತಬಿಯ ಕೈಗೆ ಕೊಡುತ್ತಾರೆ.

ನೀವು ಇದನ್ನು ಓದುತ್ತಿರುವುದು ಅದಕ್ಕೆಲ್ಲ ಎಷ್ಟೋ ವರ್ಷ ಮೊದಲು. ನಿಮ್ಮ ರೈಲು ಇನ್ನೂ ಕುಲುಕುತ್ತದೆ. ಮುಂದಿನ ಸಲ ಘಟ್ಟ ಇಳಿಯುವಾಗ ನೀರಿನ ಬಾಟಲಿ ಉರುಳಿ ಸೀಟಿನಡಿಗೆ ಹೋದರೆ, ಹೊಸ ಅಂಗಿಯ ಮೇಲೆ ಚಹಾ ಚೆಲ್ಲಿದರೆ, ಮನಸಾರೆ ಬೈಯಿರಿ, ದೂರೂ ಬರೆಯಿರಿ. ಅಷ್ಟು ಹೊತ್ತಿಗೆ ಕಡೆಯ ಡಬ್ಬಿಯಲ್ಲಿ ಒಬ್ಬರು ಪೊಟ್ಟಣ ಎಸೆದಿರುತ್ತಾರೆ. ಬೆಳಿಗ್ಗೆ ಗ್ಯಾಂಗಿನವರು ಹಾರೆ ಹೊತ್ತು ಅಲ್ಲಿಗೆ ಬರುತ್ತಾರೆ.