ತಾಯಿಯನ್ನು ತೋರಿಸಿ

ಹೊರಗಿನಿಂದ ಚಿಲಕ ಬಿತ್ತು.

ಠಪ್!

ತಗಡಿನ ಶೆಡ್ಡು. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಕಗ್ಗತ್ತಲು. ಉಚ್ಚೆ, ಕೊಳೆತ ಹುಲ್ಲು, ಹಳಸಿದ ಮಾಂಸ... ಎಲ್ಲ ಸೇರಿದ ವಾಸನೆ ನೆತ್ತಿಗೆ ಹತ್ತಿತು.

ಮೂಲೆಯಲ್ಲಿ ಏನೋ ಗುರುಗುಟ್ಟಿತು.

ನಾಯಿ ಗುರುಗುಟ್ಟುವುದನ್ನು ನೀವೂ ಕೇಳಿರುತ್ತೀರಿ. ಇದು ಬೇರೆ. ಲಾರಿಯ ಎಂಜಿನ್ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟ ಹಾಗೆ. ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಯಿತು.

ಇನ್ನೂ ಕೆಟ್ಟ ವಿಷಯವೊಂದಿತ್ತು. ನನ್ನ ಎಡಗೈಯಲ್ಲಿ ಅದರದೇ ಮರಿ!

"ಏಯ್ ಪತ್ತೇದಾರ!" ಹೊರಗಿನಿಂದ ಕರ್ನಲ್ ಕೂಗಿದ. "ತಾಯಿಯನ್ನು ತೋರಿಸಿ, ತಾಯಿಯನ್ನು ತೋರಿಸಿ ಅಂತಿದ್ದೆಯಲ್ಲ? ನೋಡ್ಕೋ! ಕಣ್ತುಂಬ ನೋಡ್ಕೋ!"

"ಬಾಗಿಲು ತೆಗಿ!"

"ಹೇಳದೆ ಕೇಳದೆ ಶೆಡ್ಡಿಗೆ ನುಗ್ಗಿದ. ಮರಿಗೆ ಕೈ ಹಾಕಿದ. ನಾಯಿ ಸಿಗಿದು ಹಾಕ್ತು... ಪೊಲೀಸ್ರಿಗೆ ಇಷ್ಟು ಸಾಕು ಕಣಯ್ಯಾ."

ಒಳ್ಳೆಯ ಕತೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ನೆಲದ ಮೇಲೆ ಸರಪಳಿ ಎಳೆದ ಸದ್ದು. ಅದು ಎದ್ದು ನಿಂತಿತ್ತು...

ತಡೆಯಿರಿ. ನಾನು ಅಲ್ಲಿಗೆ ಹೇಗೆ ಬಂದೆ ಅಂತ ಮೊದಲು ಹೇಳಿಬಿಡುತ್ತೇನೆ.

ನನ್ನ ಆಫೀಸು ಒಂದು ಲಾಂಡ್ರಿಯ ಮೇಲಿದೆ. ಮೇಜು, ಅದರ ಹಿಂದೆ ಪರದೆ, ಪರದೆಯ ಹಿಂದೆ ಮಂಚ. ಕೆಲಸ ಮುಗಿದ ಮೇಲೆ ಪರದೆ ಸರಿಸಿದರೆ ಮನೆಗೆ ಬಂದಂತೆ. ಕೆಳಗಿನ ಇಸ್ತ್ರಿಯ ಬಿಸಿ ನೆಲದಿಂದ ಮೇಲೇರುತ್ತದೆ. ಚಳಿಗಾಲದಲ್ಲಿ ನನಗೆ ಅದೇ ಜೊತೆ.

ಒಂದು ಸಂಜೆ ಟೀಚರ್ ಬಂದರು. ಐವತ್ತು ದಾಟಿದ ಗಣಿತದ ಟೀಚರ್. ಕುರ್ಚಿಯ ಧೂಳನ್ನು ಒಂದು ಸಲ ನೋಡಿದರು, ನನ್ನನ್ನು ಒಂದು ಸಲ ನೋಡಿದರು. ಇಬ್ಬರಿಗೂ ಫೇಲ್ ಮಾರ್ಕ್ಸ್ ಕೊಟ್ಟು ಕೂತರು.

"ನಮ್ಮ ಗುಂಡಮ್ಮ ಕಾಣೆಯಾಗಿದ್ದಾಳೆ."

"ಅಮ್ಮನಾ? ಅತ್ತೆನಾ?"

"ನಾಯಿ."

ನಾನು ನಗಲಿಲ್ಲ. ನಗುವವರನ್ನು ಆಕೆ ಆಗಲೇ ಪೊಲೀಸ್ ಸ್ಟೇಷನ್ನಿನಲ್ಲಿ ನೋಡಿ ಬಂದಿದ್ದರು.

ಟೀಚರ್ ಮ್ಯಾಸ್ಟಿಫ್ ಸಾಕುವವರು. ಕಾವಲಿಗೆಂದೇ ಬೆಳೆಸಿದ ತಳಿ. ಕರುವಿನಷ್ಟು ಮೈ, ಕೊಡದಷ್ಟು ತಲೆ. ಅಪರೂಪಕ್ಕೆ ಒಮ್ಮೆ ಮರಿ ಮಾಡಿಸಿ, ಮನೆ ನೋಡಿ, ಮನುಷ್ಯರನ್ನು ನೋಡಿ ಕೊಡುತ್ತಿದ್ದರು. ಮರಿ ಬೇಕು ಅಂತ ಒಬ್ಬ ಬಂದಿದ್ದನಂತೆ. ಮೂಗು ಮುರಿದ ದಾಂಡಿಗ.

"ಒಂದೇ ಒಂದು ಪ್ರಶ್ನೆ ಕೇಳ್ಲಿಲ್ಲ ಆತ," ಎಂದರು. "ಮರಿ ನೋಡೋಕೆ ಬಂದವನು ಗೇಟಿನ ಚಿಲಕ ನೋಡ್ತಿದ್ದ. ಆಮೇಲೊಂದು ದಿನ ನಾನು ಸ್ಕೂಲಿಂದ ಬಂದಾಗ ಗೇಟು ತೆರೆದಿತ್ತು. ಬಟ್ಟಲಲ್ಲಿ ಔಷಧಿ ವಾಸನೆ. ಗುಂಡಮ್ಮ ಇರ್ಲಿಲ್ಲ. ಅದಾಗಿ ನಾಲ್ಕು ತಿಂಗಳಾಯ್ತು."

"ಈಗ?"

ಫೋನ್ ಮುಂದೆ ಹಿಡಿದರು. ಒಂದು ಜಾಹೀರಾತು. ಮ್ಯಾಸ್ಟಿಫ್ ಮರಿಗಳು, ಅಪ್ಪಟ ತಳಿ. ಮರಿಯ ಎದೆಯ ಮೇಲೆ ಸೊಟ್ಟಗೆ ಒಂದು ಬಿಳಿ ಮಚ್ಚೆ.

"ಈ ಮಚ್ಚೆ ಗುಂಡಮ್ಮಂದು. ಅವಳಮ್ಮಂಗೂ ಇತ್ತು. ನಾನೇ ಹೋದ್ರೆ ಆ ಮುರುಕು ಮೂಗಿನವನು ನನ್ನ ಗುರುತು ಹಿಡೀತಾನೆ."

"ನನಗೆ ನಾಯಿ ವಿಷಯ ಏನೂ ಗೊತ್ತಿಲ್ಲ ಟೀಚರ್."

"ಕಲಿಸ್ತೀನಿ."

ಕಲಿಸಿದರು! ಅವರ ಊಟದ ಮೇಜಿನ ಮೇಲೆ ಎರಡು ಸಂಜೆ ಪಾಠ. ಮರಿಗೆ ಎಷ್ಟು ವಾರ ಅಂತ ಕೇಳಿ. ಎಂಟು ತುಂಬುವ ಮುಂಚೆ ತಾಯಿಯಿಂದ ಬಿಡಿಸುವವನು ಕಟುಕ. ಅಪ್ಪ ಅಮ್ಮನ ಸೊಂಟದ ಎಕ್ಸ್-ರೇ ಕೇಳಿ. ಭಾರಿ ನಾಯಿಗಳಿಗೆ ಮೊದಲು ಕೈಕೊಡುವುದೇ ಸೊಂಟ. ತಾಯಿಗೆ ಇದು ಎಷ್ಟನೇ ಹೆರಿಗೆ ಅಂತ ಕೇಳಿ. ನಾಳೆ ನಿಮಗೆ ಸಾಕಲು ಆಗದಿದ್ದರೆ ವಾಪಸ್ ತಗೊಳ್ಳುತ್ತಾರಾ, ಕೇಳಿ.

"ಎಲ್ಲಕ್ಕಿಂತ ಮುಖ್ಯ, ತಾಯಿಯನ್ನು ತೋರಿಸಿ ಅನ್ನಿ. ಕಾವಲು ನಾಯಿ ಮರಿ ದೊಡ್ಡದಾದ ಮೇಲೆ ಹೇಗಿರುತ್ತೆ ಅಂತ ಮರಿ ಹೇಳಲ್ಲ. ತಾಯಿ ಹೇಳ್ತಾಳೆ."

"ಸುಳ್ಳು ಹೇಳಿದ್ರೆ?"

"ಹೇಳ್ತಾರೆ. ಉತ್ತರ ಬಾಯಿಪಾಠ ಮಾಡಿರ್ತಾರೆ. ನೀವು ಕಣ್ಣು ನೋಡಿ, ಕಣ್ಣು ಎಲ್ಲಿಗೆ ಹೋಗುತ್ತೆ ಅಂತ."

"ಗುಂಡಮ್ಮನ ಎದುರೇ ನಿಲ್ಲಬೇಕಾಗಿ ಬಂದ್ರೆ?"

"ನಿಲ್ಲಬೇಡಿ. ಕೂತ್ಕೊಳಿ. ಅವಳ ಮುಖ ನೋಡ್ಬೇಡಿ, ಕೈ ಚಾಚ್ಬೇಡಿ. ಅವಳಾಗೇ ಬರ್ಲಿ."

ಟೀ ತರಲು ಎದ್ದರು. ಅಡುಗೆಮನೆಯ ಬಾಗಿಲಲ್ಲಿ ಹಳೆಯದೊಂದು ಚಾಪೆ ಹಾಸಿತ್ತು. ಅದನ್ನು ದಾಟಿದರೆ ಹತ್ತಿರ. ಆಕೆ ದಾಟಲಿಲ್ಲ. ಗೋಡೆಗೆ ಒತ್ತಿಕೊಂಡು ಸುತ್ತಿ ಹೋದರು... ಅದರ ಮೇಲೆ ಯಾರೋ ಮಲಗಿದ್ದಾರೆ ಎನ್ನುವ ಹಾಗೆ.

ನಾನು ಬೇರೆಡೆ ನೋಡಿದೆ.

ಕರ್ನಲ್‌ನ ಬಂಗಲೆ ಗೋಡೌನುಗಳ ಸಾಲಿನ ಕೊನೆಯಲ್ಲಿತ್ತು. ಜಾಹೀರಾತು ಅವನದೇ. ಮೀಸೆ ಜೋರಾಗಿತ್ತು. ಆದರೆ ಆಸಾಮಿ ಸೈನ್ಯದ ಹತ್ತಿರ ಎಂದೂ ಸುಳಿದವನಲ್ಲ. ಹೊಟ್ಟೆಯೇ ಸಾಕ್ಷಿ! ನಡುಮನೆ ತುಂಬ ಟ್ರೋಫಿಗಳು. ಒಂದರ ಮೇಲೂ ಹೆಸರಿಲ್ಲ.

ಮುರುಕು ಮೂಗಿನವನೇ ಮರಿ ತಂದ. ಕರ್ನಲ್ ಅವನನ್ನು 'ಬಾಕ್ಸರ್' ಅಂತ ಕರೆಯುತ್ತಿದ್ದ. ಮರಿಗೆ ಪೌಡರ್ ಬಳಿದಿದ್ದರು. ಕೈಗೆ ಬಂದ ತಕ್ಷಣ ನನ್ನ ಹೆಬ್ಬೆರಳನ್ನು ಬಾಯಿಗೆ ಹಾಕಿಕೊಂಡಿತು. ಒಸಡಿನಲ್ಲಿ ಹಲ್ಲು ಆಗತಾನೇ ಮೊಳೆಯುತ್ತಿತ್ತು. ತಿಂಗಳ ಕೂಸು.

"ಪ್ಯೂರ್ ಬ್ಲಡ್‌ಲೈನ್ ಸಾರ್! ಇಂಪೋರ್ಟೆಡ್!"

"ನನ್ನ ಹೆಂಡ್ತಿಗೆ ಬೇಕಿತ್ತು," ಎಂದೆ. "ನಾನು ಟೂರಿಗೆ ಹೋದ್ರೆ ಒಬ್ಬಳೇ ಇರ್ತಾಳೆ. ಹೆದರ್ತಾಳೆ. ಮಗಳಂತೂ ಹೆಸರು ಕೂಡ ಹುಡುಕಿಟ್ಟಿದ್ದಾಳೆ. ಅವಳಿಗೆ ಮುಂದಿನ ಹಲ್ಲು ಬಿದ್ದಿದೆ, ಹೇಳಿದ್ರೆ ನನಗೇ ಅರ್ಥ ಆಗಲ್ಲ..."

ಅಷ್ಟು ಸಾಕಿತ್ತು. ಆದರೂ ಹೇಳುತ್ತಲೇ ಹೋದೆ. ಮಗಳು ಕತ್ತಲಿಗೆ ಅಂಜುವುದು, ಹೆಂಡತಿ ಬಾಗಿಲ ಹತ್ತಿರ ಚಪ್ಪಲಿ ಜೋಡಿಸಿಡುವುದು... ಯಾಕೆ ಹೇಳಿದೆನೋ! ಕರ್ನಲ್ ಕೇಳಿಸಿಕೊಳ್ಳುತ್ತಲೂ ಇರಲಿಲ್ಲ.

"ಎಷ್ಟು ವಾರ ಇದಕ್ಕೆ?"

"ಎಂಟು ತುಂಬಿದೆ ಸಾರ್."

ಸುಳ್ಳು ಒಂದು.

"ಅಪ್ಪ ಅಮ್ಮನ ಸೊಂಟದ ಎಕ್ಸ್-ರೇ?"

"ಸೊಂಟಾನಾ? ನೀವು ನಾಯಿ ತಗೋತಿದ್ದೀರೋ, ಸೊಸೆ ತರ್ತಿದ್ದೀರೋ?"

ಬಾಕ್ಸರ್ ನಕ್ಕ. ನಾನೂ ನಕ್ಕೆ.

"ನನಗೆ ಸಾಕೋಕೆ ಆಗ್ದಿದ್ರೆ ವಾಪಸ್ ತಗೋತೀರಾ?"

"ಗೇಟು ದಾಟಿದ ಮೇಲೆ ಅದು ನಿಮ್ಮದು ಸಾರ್. ಬದುಕಿದ್ರೂ ನಿಮ್ಮದು, ಸತ್ರೂ ನಿಮ್ಮದು."

"ಸರಿ. ತಾಯಿಯನ್ನು ತೋರಿಸಿ."

ನಗು ನಿಂತಿತು.

"ತಾಯಿ... ಡಾಗ್ ಶೋಗೆ ಹೋಗಿದೆ."

"ಹಾಲು ಕುಡಿಯೋ ಮರಿ ಬಿಟ್ಟು?"

ಕರ್ನಲ್‌ನ ಬಾಯಿ ಏನೋ ಹೇಳುತ್ತಿತ್ತು. ಕಣ್ಣು ಮಾತ್ರ ಸರಕ್ಕನೆ ಹಿಂದಿನ ಕಿಟಕಿಗೆ ಹೋಗಿ ಬಂತು. ಕಿಟಕಿಯಾಚೆ ತಗಡಿನ ಶೆಡ್ಡು!

"ಮರಿನ ಸ್ವಲ್ಪ ಬೆಳಕಿನಲ್ಲಿ ನೋಡ್ತೀನಿ," ಎನ್ನುತ್ತಾ ಎದ್ದು ಹಿಂಬಾಗಿಲು ದಾಟಿದೆ.

"ಸಾರ್! ಅತ್ತ ಬೇಡ ಸಾರ್! ಏಯ್!"

ಓಡಿದೆ. ಶೆಡ್ಡಿನ ಚಿಲಕ ಎಳೆದೆ. ಒಳಗೆ ಬಿದ್ದ ಬೆಳಕಿನ ಪಟ್ಟಿಯಲ್ಲಿ ಮೂಳೆಯ ಗೂಡೊಂದು ಮಲಗಿತ್ತು. ಎದೆಯ ಮೇಲೆ ಸೊಟ್ಟ ಬಿಳಿ ಮಚ್ಚೆ. ಹೊಟ್ಟೆಯ ಬಳಿ ಉಳಿದ ಮರಿಗಳು.

"ಗುಂಡಮ್ಮ..." ತಡೆಯುವ ಮೊದಲೇ ಬಾಯಿಂದ ಬಂದುಬಿಟ್ಟಿತು.

ಹಿಂದಿನಿಂದ ಬಾಕ್ಸರ್‌ನ ಕೈ ನನ್ನ ಕುತ್ತಿಗೆಗೆ ಬಿತ್ತು. "ಕರ್ನಲ್! ಇವ್ನು ಆ ಟೀಚರ್ ಕಳಿಸಿದ ಪತ್ತೇದಾರ! ನಾಯಿ ಹೆಸರು ಗೊತ್ತು ಇವ್ನಿಗೆ!"

ಜೇಬಿನ ಫೋನ್ ಕಿತ್ತುಕೊಂಡ. ಬೆನ್ನಿಗೆ ಒಂದು ಒದೆ.

ಆಮೇಲೆ ಚಿಲಕ. ಅದನ್ನು ಆಗಲೇ ಹೇಳಿದ್ದೇನೆ.

ಕತ್ತಲಲ್ಲಿ ಗುಂಡಮ್ಮ ಒಂದು ಹೆಜ್ಜೆ ಮುಂದೆ ಬಂದಳು.

ಕೂತೆ. ಆ ಗಲೀಜಿನಲ್ಲೇ ಕೂತೆ. ಮುಖ ತಗಡಿನ ಕಡೆ ತಿರುಗಿಸಿದೆ. ಮರಿಯನ್ನು ಮೆತ್ತಗೆ ನೆಲಕ್ಕೆ ಬಿಟ್ಟೆ. ಅದು ಉರುಳಾಡುತ್ತ ತಾಯಿಯ ಕಡೆ ಹೋಯಿತು. ಮೂಸುವ ಸದ್ದು. ನೆಕ್ಕುವ ಸದ್ದು.

ಗುರುಗುಟ್ಟುವುದು ನಿಲ್ಲಲಿಲ್ಲ.

"ಗುಂಡಮ್ಮ," ಎಂದೆ, ಗೋಡೆಗೆ ಹೇಳುವಂತೆ. "ನಿಮ್ಮ ಟೀಚರ್ ಚೆನ್ನಾಗಿದ್ದಾರೆ. ನಿನ್ನ ಚಾಪೆ ಇದ್ದಲ್ಲೇ ಇದೆ. ಯಾರಿಗೂ ತುಳಿಯೋಕೆ ಬಿಟ್ಟಿಲ್ಲ..."

ಗುರುಗುಟ್ಟುವುದು ತಗ್ಗಿತು.

ಮಾತಾಡಿದೆ. ಏನೇನೋ ಮಾತಾಡಿದೆ. ಲಾಂಡ್ರಿಯ ವಿಷಯ, ಇಸ್ತ್ರಿಯ ಬಿಸಿ, ಭಾನುವಾರ ಲಾಂಡ್ರಿ ಮುಚ್ಚಿದರೆ ನೆಲ ತಣ್ಣಗಾಗುವುದು. ಮನುಷ್ಯರಿಗೆ ಯಾರಿಗೂ ಹೇಳದ್ದು. ಯಾರೂ ಕೇಳಿರಲೂ ಇಲ್ಲ.

ಒದ್ದೆ ಮೂಗೊಂದು ನನ್ನ ಕಿವಿಗೆ ತಾಗಿತು. ಕಿವಿ, ಕುತ್ತಿಗೆ, ಅಂಗಿಯ ತೋಳು... ತೋಳಿನಲ್ಲಿ ಟೀಚರ್ ಮನೆಯ ವಾಸನೆ ಸಿಕ್ಕಿತೋ ಏನೋ. ಅಲ್ಲೇ ಬಹಳ ಹೊತ್ತು ಮೂಸಿದಳು.

ಆಮೇಲೆ ನಿಟ್ಟುಸಿರು ಬಿಟ್ಟು ತನ್ನ ಇಡೀ ಭಾರವನ್ನು ನನ್ನ ಬೆನ್ನಿಗೆ ಒರಗಿಸಿದಳು.

ನನ್ನ ಮೈಗೆ ಯಾರಾದರೂ ಒರಗಿ ಎಷ್ಟು ಕಾಲವಾಗಿತ್ತೋ... ಹಾಗೇ ಕೂತಿದ್ದೆ. ನಿಜ ಹೇಳುತ್ತೇನೆ, ಆ ಬಾಗಿಲು ಸ್ವಲ್ಪ ಹೊತ್ತು ತೆರೆಯದಿರಲಿ ಅನ್ನಿಸಿತು!

"ಸದ್ದೇ ಇಲ್ವಲ್ಲೋ," ಹೊರಗೆ ಕರ್ನಲ್ ಹೇಳಿದ. "ಹೋಗ್ಬಿಟ್ನೇನೋ. ನೋಡು."

ತಡವುತ್ತಾ ಕೊರಳಪಟ್ಟಿಯ ಕೊಂಡಿ ಹುಡುಕಿದೆ. ಸರಪಳಿ ಬಿಚ್ಚಿದೆ. ಹುಲ್ಲಿನಲ್ಲಿದ್ದ ಮರಿಗಳನ್ನೆಲ್ಲ ಬಾಚಿ ಜಾಕೆಟ್ಟಿನೊಳಗೆ ತುಂಬಿಕೊಂಡೆ.

ಬಾಗಿಲು ತೆರೆಯಿತು.

ಬಾಕ್ಸರ್ ಮೊದಲು ನೋಡಿದ್ದು ನನ್ನನ್ನು. ಆಮೇಲೆ ನನ್ನ ಪಕ್ಕದಲ್ಲಿ ನಿಂತಿದ್ದವಳನ್ನು.

"ಅಯ್ಯಯ್ಯೋ!"

ಅಷ್ಟು ದೊಡ್ಡ ದೇಹ ಅಷ್ಟು ವೇಗವಾಗಿ ಓಡುವುದನ್ನು ನಾನು ನೋಡಿರಲಿಲ್ಲ. ಬಾಕ್ಸರ್‌ನ ಮಾತು ಹೇಳುತ್ತಿದ್ದೇನೆ! ಒಂದೇ ನೆಗೆತಕ್ಕೆ ಜೀಪಿನೊಳಗೆ ಬಿದ್ದ. ಕರ್ನಲ್ ಅವನ ಮೇಲೆಯೇ ಬಿದ್ದ. ನಾನು ಗೇಟಿನ ಹತ್ತಿರ ನಿಲ್ಲಿಸಿದ್ದ ನನ್ನ ವ್ಯಾನಿನ ಕಡೆ ಓಡಿದೆ. ಗುಂಡಮ್ಮ ಅವರನ್ನು ಬಿಟ್ಟು ಮರಿಗಳ ಹಿಂದೆ ಬಂದಳು. ಪಕ್ಕದ ಸೀಟು ಹತ್ತಿ ಹಕ್ಕಿನಿಂದ ಕೂತಳು.

ಜೀಪು ಹಿಂದೆಯೇ ಬಂತು.

ಧಡ್! ಹಿಂದಿನಿಂದ ಗುದ್ದಿದ. ಬಂಪರ್ ಕಳಚಿ ರಸ್ತೆಗೆ ಬಿತ್ತು. ಗೋಡೌನುಗಳ ಗೋಡೆಗಳು ಎರಡೂ ಬದಿ ಸರ್ರನೆ ಸರಿಯುತ್ತಿದ್ದವು. ಎದುರಿಗೆ ಟ್ರಕ್ಕು! ಎಡಕ್ಕೆ ಎಳೆದೆ. ಜಾಕೆಟ್ಟಿನೊಳಗೆ ಯಾವುದೋ ಮರಿ ಗಾಬರಿಯಿಂದ ಉಚ್ಚೆ ಹೊಯ್ದಿತು.

ಧಡ್!

ಜನ ಬೇಕಿತ್ತು ನನಗೆ. ಸಾಕ್ಷಿಗಳು. ವೃತ್ತದಾಚೆ ಪಶು ಆಸ್ಪತ್ರೆಯ ಬೋರ್ಡು ಕಂಡಿತು. ಗೇಟಿನೊಳಗೆ ನುಗ್ಗಿಸಿ ಅಂಗಳದ ನಡುವೆ ಬ್ರೇಕ್ ಹಾಕಿದೆ. ಬೆಕ್ಕು, ಮೇಕೆ, ಗಿಣಿ ಹಿಡಿದು ಕೂತಿದ್ದವರೆಲ್ಲ ಎದ್ದು ನಿಂತರು.

ಜೀಪಿನಿಂದ ಧುಮುಕಿದ ಕರ್ನಲ್ ಕಿರುಚಿದ. "ಕಳ್ಳ! ಹಿಡೀರಿ! ನನ್ನ ನಾಯಿ ಅದು!"

ಡಾಕ್ಟರ್ ಗ್ಲೌಸ್ ಹಾಕಿದ ಕೈಯಲ್ಲೇ ಹೊರಗೆ ಬಂದರು. ಸಣಕಲು ಹೆಂಗಸು. ಗುಂಡಮ್ಮನ ಪಕ್ಕೆಲುಬು ನೋಡಿದರು. ಮುಖ ಗಟ್ಟಿಯಾಯಿತು.

"ನಿಮ್ಮದಾ ನಾಯಿ?"

"ನಂದೇ!"

"ಹಾಗಾದ್ರೆ ಬಂದು ತಲೆ ಹಿಡ್ಕೊಳಿ. ಇಂಜೆಕ್ಷನ್ ಕೊಡ್ಬೇಕು."

ಕರ್ನಲ್ ಒಂದು ಹೆಜ್ಜೆ ಇಟ್ಟ. ಗುಂಡಮ್ಮನ ಗಂಟಲಲ್ಲಿ ಲಾರಿಯ ಎಂಜಿನ್ ಸ್ಟಾರ್ಟ್ ಆಯಿತು. ಕರ್ನಲ್ ಎರಡು ಹೆಜ್ಜೆ ಹಿಂದೆ ಹೋದ.

"ಡಾಕ್ಟರ್," ಎಂದೆ, "ಇವಳ ಕತ್ತಿನ ಚರ್ಮದಡಿ ಮೈಕ್ರೋಚಿಪ್ ಇದೆಯಂತೆ. ನಾಯಿ ಯಾರದ್ದು ಅಂತ ಅದೇ ಹೇಳುತ್ತೆ."

ಡಾಕ್ಟರ್ ಸ್ಕ್ಯಾನರ್ ತರಿಸಿ ಗುಂಡಮ್ಮನ ಕತ್ತಿನ ಮೇಲೆ ಆಡಿಸಿದರು. ಪೀಂ! ಒಳಗೆ ಹೋಗಿ ಕಂಪ್ಯೂಟರ್ ನೋಡಿ ಬಂದರು.

"ಇದರ ಯಜಮಾನಿ ಒಬ್ಬ ಟೀಚರ್," ಎಂದರು. "ನಿಮಗೆ ಮೀಸೆ ಇದೆ."

ಅಂಗಳ ನಕ್ಕಿತು. ಆಮೇಲೆ ನಗು ನಿಂತಿತು. ಮೇಕೆಯವನು ಹೋಗಿ ಗೇಟು ಹಾಕಿದ. ಪೊಲೀಸರು ಬರುವ ತನಕ ಕರ್ನಲ್ ಮತ್ತು ಬಾಕ್ಸರ್ ಜೀಪಿನೊಳಗೆ ಗಾಜು ಏರಿಸಿಕೊಂಡು ಕೂತಿದ್ದರು. ಈ ಸಲ ಪೊಲೀಸರು ನಗಲಿಲ್ಲ.

ಟೀಚರ್ ಬಂದರು. ಅಳಲಿಲ್ಲ. "ಎಷ್ಟು ಸೊರಗಿದೀಯೇ..." ಎಂದಷ್ಟೇ ಹೇಳಿ ಆಸ್ಪತ್ರೆಯ ನೆಲದ ಮೇಲೆ ಕೂತುಬಿಟ್ಟರು. ಗುಂಡಮ್ಮ ಆ ದೊಡ್ಡ ತಲೆಯನ್ನು ಅವರ ಮಡಿಲಿಗೆ ತುರುಕಿದಳು.

ನನಗೆ ಅಲ್ಲಿ ಇನ್ನೇನೂ ಕೆಲಸವಿರಲಿಲ್ಲ. ಹೊರಗೆ ಹೋಗಿ ವ್ಯಾನಿನ ಬಂಪರ್ ಇದ್ದ ಜಾಗವನ್ನು ನೋಡುತ್ತ ನಿಂತೆ.

ಮರಿಗಳು ಹಾಲು ಬಿಟ್ಟ ಮೇಲೆ ಒಂದು ಬೆಳಿಗ್ಗೆ ಟೀಚರ್ ಮನೆಗೆ ಹೋದೆ. ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು. ಗುಂಡಮ್ಮ ಚಾಪೆಯ ಮೇಲೆ ಮೈತುಂಬಿಕೊಂಡು ಮಲಗಿದ್ದಳು. ಮರಿಗಳು ನನ್ನ ಬೂಟಿನ ಲೇಸು ಹಂಚಿಕೊಂಡು ಎಳೆದಾಡಿದವು.

"ಇವುಗಳ ಅಪ್ಪ ಯಾರು ಅಂತ ಗೊತ್ತಿಲ್ಲ," ಎಂದರು ಟೀಚರ್. "ಅಪ್ಪಟ ತಳಿ ಅಂತ ಮಾರೋಕಾಗಲ್ಲ. ಒಳ್ಳೆ ಮನೆ ನೋಡಿ ಸುಮ್ನೆ ಕೊಡ್ತೀನಿ."

"ನನಗೊಂದು ಕೊಡಿ ಟೀಚರ್."

ಅವರು ಕನ್ನಡಕ ಸರಿಮಾಡಿಕೊಂಡರು. ತರಗತಿ ಶುರುವಾಯಿತು.

"ಮನೇಲಿ ಯಾರ್ಯಾರಿದ್ದೀರಿ?"

"ನಾನೊಬ್ಬನೇ."

"ಕೆಲಸದ ಮೇಲೆ ಹೋದ್ರೆ ಎಷ್ಟು ದಿನ ಬರಲ್ಲ?"

"ಹೇಳೋಕಾಗಲ್ಲ."

"ಆವಾಗ ಇದಕ್ಕೆ ಅನ್ನ ಯಾರು ಹಾಕ್ತಾರೆ?"

ಬಗ್ಗಿ ಲೇಸು ಎಳೆಯುತ್ತಿದ್ದ ಮರಿಯೊಂದರ ತಲೆ ಸವರಿದೆ.

"ನಿಮಗೇನಾದ್ರೂ ಆದ್ರೆ ನಾನು ಯಾರಿಗೆ ಫೋನ್ ಮಾಡ್ಬೇಕು?"

ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ. ಲಾಂಡ್ರಿಯವನ ಮುಖ ನೆನಪಾಯಿತು. ಅವನ ಹೆಸರು ನೆನಪಾಗಲಿಲ್ಲ. ಸುಳ್ಳು ಹೇಳುವುದು ನನ್ನ ಹೊಟ್ಟೆಪಾಡು. ಆದರೆ ಗುಂಡಮ್ಮ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು.

"ಯಾರೂ ಇಲ್ಲ ಟೀಚರ್."

ಟೀಚರ್ ಕನ್ನಡಕ ತೆಗೆದಿಟ್ಟರು. ಬಗ್ಗಿ ನನ್ನ ಬೂಟಿನಿಂದ ಮರಿಯನ್ನು ಬಿಡಿಸಿಕೊಂಡರು.

"ಕೊಡೋಕಾಗಲ್ಲ," ಎಂದರು. "ಬೇಜಾರಾಯ್ತಾ?"

"ಛೆ, ಇಲ್ಲ."

ಲೇಸು ಕಟ್ಟಿಕೊಂಡು ಎದ್ದೆ. ನನ್ನ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಈ ವೃತ್ತಿಯಲ್ಲಿ ಎಷ್ಟೋ ಬಾಗಿಲುಗಳು ನನ್ನ ಮುಖಕ್ಕೇ ಬಡಿದು ಮುಚ್ಚಿವೆ... ನ್ಯಾಯವಾದ ಕಾರಣಕ್ಕೆ ಮುಚ್ಚಿದ್ದು ಇದೊಂದೇ!