ಹುಟ್ಟುಹಬ್ಬದ ಬೆಳಗ್ಗೆ ಕಾಣೆಯಾದ ಹಲ್ಲುಸೆಟ್ಟು

ಅಜ್ಜಿಯ ಹಲ್ಲುಸೆಟ್ಟು ಕಾಣೆಯಾದ ಸುದ್ದಿಯನ್ನು ಅಪ್ಪ ಸೀಟಿ ಊದಿ ಸಾರಿದ.

ಸೀಟಿ ಊದದೆ ಅಪ್ಪ ಏನನ್ನೂ ಹೇಳುವವನಲ್ಲ. ವರ್ಷವರ್ಷ ನಮ್ಮ ಮನೆಯವರೆಲ್ಲ ಕೆರೆದಂಡೆಯಲ್ಲಿ ಸೇರುವ ಬೇಸಿಗೆಯ ಕ್ಯಾಂಪಿಗೆ ಬಂದನೆಂದರೆ ಕೇಳುವುದೇ ಬೇಡ. ಏಳುವುದಕ್ಕೆ ಸೀಟಿ, ತಿಂಡಿಗೆ ಸೀಟಿ, ಕೆರೆಯಿಂದ ಮಕ್ಕಳನ್ನು ಹೊರಗೆ ಕರೆಯುವುದಕ್ಕೆ ಸೀಟಿ. ಹಾಳಾಗಿಹೋಗಲಿ ಎಂದು ನಾನು ದಿಂಬಿನಡಿ ತಲೆ ತೂರಿಸಿದೆ. ರಾತ್ರಿಯಿಡೀ ಸೊಳ್ಳೆಗಳ ಜೊತೆ ಗುದ್ದಾಡಿದವಳಿಗೆ ಬೇರೇನು ತೋಚೀತು? ಆದರೆ ಈ ಸಲ ಸೀಟಿ ನಿಲ್ಲಲೇ ಇಲ್ಲ. ಎದ್ದು ಹೊರಗೆ ಬಂದೆ.

ಟೆಂಟುಗಳ ನಡುವಿನ ಬಯಲಲ್ಲಿ ಎಲ್ಲರೂ ನೆರೆದಿದ್ದರು.

"ಲೋಟದಲ್ಲಿ ಹಾಕಿಟ್ಟಿದ್ರು. ಈಗ ಇಲ್ಲ!" ಅಮ್ಮ ಹೇಳುತ್ತಿದ್ದಳು. "ಮಧ್ಯಾಹ್ನ ನೆಂಟರೆಲ್ಲ ಬರ್ತಾರೆ. ಹುಟ್ಟುಹಬ್ಬ ಯಾರದು? ಅವರದೇ ಬಾಯಲ್ಲಿ ಹಲ್ಲಿಲ್ಲ!"

ಅಜ್ಜಿಗೆ ಅಂದು ಎಂಬತ್ತು ತುಂಬುತ್ತಿತ್ತು. ಇಣುಕಿ ನೋಡಿದೆ. ತನ್ನ ಟೆಂಟಿನೊಳಗೆ ಶಾಲನ್ನು ಮೂಗಿನವರೆಗೆ ಎಳೆದುಕೊಂಡು ಕೂತಿದ್ದಳು. ಏನಾಯಿತು ಎಂದು ಕೇಳಿದರೆ ಬಾಯಿಯ ಕಡೆ ಬೆರಳು ತೋರಿಸಿ, ಕೈ ಅಲ್ಲಾಡಿಸಿದಳು. ಮಾತಿಲ್ಲ, ಬರೀ ಸನ್ನೆ.

"ಆ ಲೋಟ ಎಲ್ಲಿತ್ತು?" ಅಪ್ಪ ಕೇಳಿದ.

"ಟೆಂಟಿನ ಹೊರಗೆ, ಬಾಗಿಲ ಹತ್ತಿರ. ಈಗ ನೋಡಿದ್ರೆ ಯಾರೋ ತೊಳೆದು ಬೋರಲು ಹಾಕಿದ್ದಾರೆ." ಅಮ್ಮ ಒಂದು ಗಳಿಗೆ ತಡೆದಳು. "ಬೆಳಗ್ಗೆ ಲೋಟಗಳನ್ನೆಲ್ಲ ಎತ್ತಿದ್ದು ಯಾರು?"

ಎಲ್ಲರ ಕಣ್ಣೂ ಅತ್ತಿಗೆಯ ಮೇಲೆ ಹೋಗಿ ನಿಂತವು.

ಅಣ್ಣನನ್ನು ಮದುವೆಯಾಗಿ ಬಂದ ಮೇಲೆ ಅತ್ತಿಗೆಗೆ ಇದು ಮೊದಲ ಬೇಸಿಗೆ. ಪಾಪ, ಎಲ್ಲರಿಗಿಂತ ಮೊದಲು ಎದ್ದು, ಕಂಡಕಂಡ ಪಾತ್ರೆಗಳನ್ನೆಲ್ಲ ಬಾಚಿಕೊಂಡು ತೊಳೆದಿಟ್ಟಿದ್ದಳು. ಒಳ್ಳೆಯವಳು ಅನ್ನಿಸಿಕೊಳ್ಳುವ ಹಂಬಲದಲ್ಲಿ ಹೊಸಬರು ಮಾಡುವ ಕೆಲಸವೇ ಅದು.

"ನಾನೇ," ಎಂದಳು. ಮುಖ ಬಿಳಿಚಿಕೊಂಡಿತ್ತು. "ದೋಣಿಕಟ್ಟೆ ಮೇಲೆ ನಿಂತು ಎಲ್ಲ ಲೋಟದ ನೀರೂ ಕೆರೆಗೆ ಚೆಲ್ಲಿದೆ. ಒಳಗೇನಿತ್ತು ಅಂತ... ನೋಡ್ಲಿಲ್ಲ."

"ನೋಡ್ಲಿಲ್ವಾ?"

"ಇಲ್ಲ."

"ಕಣ್ಣು ಎಲ್ಲಿಟ್ಟಿದ್ದೆಯಮ್ಮಾ ತಾಯಿ?" ಎಂದಳು ಅಮ್ಮ. ಕೂಗಲಿಲ್ಲ. ಕೂಗಿದ್ದರೇ ವಾಸಿಯಿತ್ತು.

ಚಿಕ್ಕಪ್ಪನೂ ಅಣ್ಣನೂ ದೋಣಿಕಟ್ಟೆಯಿಂದ ನೀರಿಗೆ ಹಾರಿದರು. ಮುಳುಗಿದರು, ಎದ್ದರು, ಮತ್ತೆ ಮುಳುಗಿದರು. ಚಿಕ್ಕಪ್ಪ ಯಾರದೋ ಹಳೆಯ ಚಪ್ಪಲಿಯೊಂದನ್ನು ಮೇಲೆ ತಂದು, "ಇದನ್ನ ಹಾಕ್ಕೊಂಡು ನಗೋಕಾಗುತ್ತಾ ಕೇಳಿ" ಎಂದ. ಯಾರೂ ನಗಲಿಲ್ಲ.

ನಮ್ಮ ವಂಶದ ಒಂದು ಕೆಟ್ಟ ಗುಣ ಹೇಳಿಬಿಡುತ್ತೇನೆ. ಇಲ್ಲಿ ಯಾರಿಗಾದರೂ ಒಂದು ಹೆಸರು ಬಿತ್ತೆಂದರೆ ಸಾಯುವತನಕ ಬಿಡುವುದಿಲ್ಲ. ಅಜ್ಜಿಯ ತಮ್ಮನೊಬ್ಬ ಎಂದೋ ಒಮ್ಮೆ ತಪ್ಪಾದ ಬಸ್ಸು ಹತ್ತಿದ್ದ. ಅವನು ತೀರಿಕೊಂಡ ದಿನವೂ ಜನ "ಬಸ್ಸುಮಾವ ಹೋಗಿಬಿಟ್ಟ" ಎಂದೇ ಅತ್ತರು. ಇನ್ನು ಅತ್ತಿಗೆಯ ಕಥೆ? ಮಧ್ಯಾಹ್ನ ನೆಂಟರು ಬಂದು ಇಳಿಯುವಷ್ಟರಲ್ಲಿ ಅವಳು 'ಹಲ್ಲು ಕೆರೆಗೆ ಹಾಕಿದ ಸೊಸೆ' ಆಗಿರುತ್ತಾಳೆ.

ಅತ್ತಿಗೆಗೂ ಅದು ಗೊತ್ತಾಗಿತ್ತೆಂದು ಕಾಣುತ್ತದೆ. ಅಣ್ಣ ನೀರಿನಿಂದ ಮೇಲೆ ಬರುವ ಹೊತ್ತಿಗೆ ಅವಳ ಚೀಲ ಕಟ್ಟಿಯಾಗಿತ್ತು.

"ನನ್ನನ್ನ ಬಸ್ ಸ್ಟ್ಯಾಂಡಿಗೆ ಬಿಟ್ಟುಬಿಡಿ."

"ಹುಚ್ಚಾ ನಿಂಗೆ? ಹಲ್ಲು ತಾನೆ? ಹೊಸದು ಮಾಡಿಸೋಣ."

"ಹಲ್ಲು ಹೊಸದು ಮಾಡಿಸಬಹುದು. ನಾನು ಇಲ್ಲಿ ಇನ್ನೊಂದ್ಸಲ ಹೊಸಬಳಾಗೋಕಾಗುತ್ತಾ?"

ಅಣ್ಣ ಒದ್ದೆ ಟವೆಲ್ಲು ಹಿಡಿದುಕೊಂಡು ಪೆಚ್ಚಾಗಿ ನಿಂತ.

ಆಗಲೇ ಹಿಂದಿನಿಂದ ನನ್ನ ಭುಜದ ಮೇಲೊಂದು ಕೈ ಬಿತ್ತು. "ಬಾರೇ ನನ್ನ ಜೊತೆ."

ಯಾಕತ್ತೆ. ಅಪ್ಪನ ತಂಗಿ. ವಿಮಾ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಅವಳ ಉದ್ಯೋಗ. ಸುಟ್ಟ ಅಂಗಡಿ, ಕಳುವಾದ ಸ್ಕೂಟರು, ಮುಳುಗಿದ ದೋಣಿ—ಎಲ್ಲದಕ್ಕೂ ಹೋಗಿ 'ಯಾಕೆ?' ಎಂದು ಕೇಳಿ ಬರುತ್ತಾಳೆ. ಮನೆಯಲ್ಲೂ ಅದೇ ಚಾಳಿ. ಈ ಹೆಸರು ಅವಳಿಗೆ ಬಿದ್ದದ್ದೂ ಹಾಗೆಯೇ.

"ಅತ್ತೆ, ಪತ್ತೆ ಮಾಡೋಕೇನಿದೆ? ಕೆರೆಗೆ ಬಿದ್ದಿದೆ."

"ಬಿದ್ದದ್ದನ್ನ ಯಾರು ನೋಡಿದ್ರು?"

"ಅತ್ತಿಗೆನೇ ಒಪ್ಕೊಂಡ್ರಲ್ಲ!"

"ಅವಳು ಒಪ್ಕೊಂಡಿದ್ದು ನೋಡ್ಲಿಲ್ಲ ಅನ್ನೋದನ್ನ. ಹೆದರಿದವರು ಬೇರೆಯವರ ತಪ್ಪನ್ನೂ ಮೈಮೇಲೆ ಎಳ್ಕೋತಾರೆ. ನಾನು ಎಷ್ಟು ಜನರನ್ನ ನೋಡಿಲ್ಲ?"

ಮೊದಲು ಅಜ್ಜಿಯ ಟೆಂಟಿಗೇ ಹೋದೆವು. ಅಜ್ಜಿ ಅದರಲ್ಲಿ ಒಬ್ಬಳೇ ಮಲಗುತ್ತಾಳೆ. ಉಳಿದವರೆಲ್ಲ ಗೊರಕೆ ಹೊಡೆಯುತ್ತೇವಂತೆ. ಪಕ್ಕದಲ್ಲಿ ಹಾಲಿನಲ್ಲಿ ನೆನೆಸಿದ ಬ್ರೆಡ್ಡಿತ್ತು. ಹಲ್ಲಿಲ್ಲದ ಬಾಯಿಗೆಂದು ಅತ್ತಿಗೆಯೇ ಮಾಡಿಕೊಟ್ಟದ್ದು. ಅದರ ಮೇಲೆ ಕೆನೆ ಕಟ್ಟಿತ್ತು, ಚಮಚ ಒಣಗಿತ್ತು. ಆಚೆ ಬದಿಗೆ ಹುರಿದ ಕಡಲೆಕಾಯಿಯ ಬಟ್ಟಲು, ಅರ್ಧ ಖಾಲಿ.

"ಹೊಟ್ಟೆ ಹಸೀತಿಲ್ವಾ ಅಮ್ಮಾ?"

ಅಜ್ಜಿ ಇಲ್ಲವೆಂದು ತಲೆಯಾಡಿಸಿದಳು. ಶಾಲು ಅಲುಗಲಿಲ್ಲ.

"ಲೋಟ ಹೊರಗಿಟ್ಟಿದ್ದು ನೀನೇನಾ?"

ಅಜ್ಜಿ ಕೆರೆಯ ಕಡೆ ಮುಖ ತಿರುಗಿಸಿದಳು.

ಹೊರಗೆ ಬರುವಾಗ ಅತ್ತೆ ಬಾಗಿಲ ಗೂಟಕ್ಕೆ ನೇತುಹಾಕಿದ್ದ ಕಸದ ಚೀಲವನ್ನು ಬೆರಳಿನಿಂದ ಅಗಲಿಸಿ ನೋಡಿದಳು. ಅಜ್ಜಿಯ ಕ್ಯಾಂಪಿನಲ್ಲಿ ದೇವರಿಗಿಂತ ಕಸ ದೊಡ್ಡದು. ಪ್ರತಿ ಟೆಂಟಿಗೂ ಅದರದೇ ಚೀಲ. ನಿನ್ನ ಕಸ ನಿನ್ನ ಚೀಲಕ್ಕೆ, ಇನ್ನೊಬ್ಬರ ಚೀಲ ಮುಟ್ಟುವಂತಿಲ್ಲ. ನೆಲಕ್ಕೆ ಒಂದು ಚಾಕಲೇಟು ಕಾಗದ ಬಿದ್ದರೆ ಇಡೀ ದಿನ ಮಂಗಳಾರತಿ. ಮಲಗುವ ಮುಂಚೆ ಎಲ್ಲ ಚೀಲಗಳನ್ನೂ ದೊಡ್ಡ ಮೂಟೆಗೆ ಸುರಿದು ಖಾಲಿ ಮಾಡುವ ಘನಕಾರ್ಯ ನನ್ನದು.

"ಇದನ್ನ ರಾತ್ರಿ ಖಾಲಿ ಮಾಡಿದ್ದೆಯಾ?"

"ಮಾಡ್ದೆ ಇದ್ರೆ ಅಜ್ಜಿ ಬಿಡ್ತಾಳಾ? ಕೊಡವಿ ಕೊಡವಿ ಮಾಡಿದೀನಿ."

ನಾನೂ ಇಣುಕಿದೆ. ಒಂದಿಷ್ಟು ಕಡಲೆಕಾಯಿ ಸಿಪ್ಪೆ ಬಿಟ್ಟರೆ ಬೇರೇನೂ ಇರಲಿಲ್ಲ. ಹಲ್ಲಂತೂ ಇಲ್ಲ. ನನಗೆ ನಿರಾಸೆಯಾಯಿತು.

ಚಿಕ್ಕಪ್ಪ ಬಿಸಿಲಿಗೆ ಮೈಯೊಡ್ಡಿ ಕೂತಿದ್ದ. ಇನ್ನೊಬ್ಬರ ಶೂ ಬಚ್ಚಿಡುವುದು, ಸಕ್ಕರೆ ಡಬ್ಬಿಗೆ ಉಪ್ಪು ತುಂಬಿಸುವುದು ಇವನ ಹಳೆಯ ಕಸುಬು.

"ಇದು ನಿನ್ನ ಕಿತಾಪತಿ ಅಲ್ಲ ತಾನೆ?" ಅತ್ತೆ ಕೇಳಿದಳು.

"ಅಮ್ಮನ ಹಲ್ಲಿನ ಜೊತೆ ಆಟ ಆಡ್ತೀನಾ ಅಕ್ಕಾ? ಅಷ್ಟು ಕೆಟ್ಟವನಾ ನಾನು?"

"ಕಡಲೆಕಾಯಿ ಹುರಿದಿದ್ದು ನೀನೇ?"

"ಹೂಂ. ಬೆಳಕು ಹರೀತಿದ್ದ ಹಾಗೆ ಒಲೆ ಹಚ್ಚಿ ಹುರಿದೆ. ಎಲ್ಲರಿಗಿಂತ ಮೊದಲು ಅಮ್ಮನಿಗೇ ಒಂದು ಬಟ್ಟಲು ಕೊಟ್ಟು ಶುಭಾಶಯ ಹೇಳ್ದೆ. ಹಲ್ಲು ಹೋಗಿರೋದು ಆಗ ಗೊತ್ತಿರ್ಲಿಲ್ಲ. ಮುಸುಕು ಹಾಕ್ಕೊಂಡಿದ್ಲು, ತಲೆ ಆಡಿಸಿದ್ಲು."

"ಮಕ್ಕಳು ಆ ಟೆಂಟಿಗೆ ಹೋಗಿದ್ರಾ?"

"ಎಲ್ಲಿಂದ? ಕಣ್ಣು ಬಿಟ್ಟಾಗಿನಿಂದ ನೀರಲ್ಲೇ ಬಿದ್ದಿವೆ, ನೋಡಲ್ಲಿ."

ಅತ್ತೆ ಮತ್ತೇನೂ ಕೇಳಲಿಲ್ಲ. ಅಪ್ಪ ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದ. ನೇರ ಅಲ್ಲಿಗೆ ನಡೆದಳು.

"ಅಣ್ಣಾ, ನಿನ್ನೆ ಸಾಯಂಕಾಲ ಅಮ್ಮನನ್ನ ಕೂರಿಸ್ಕೊಂಡು ಏನು ಮಾತಾಡ್ತಿದ್ದೆ?"

ಅಪ್ಪ ಕುರ್ಚಿಯನ್ನು ಇನ್ನಷ್ಟು ನೆಟ್ಟಗೆ ಮಾಡಿದ. "ಇವತ್ತು ಕೇಕ್ ಕತ್ತರಿಸಿದ ಮೇಲೆ ಅವಳು ನಾಲ್ಕು ಮಾತಾಡ್ಬೇಕಲ್ಲ, ಅದನ್ನ ಹೇಳಿಕೊಡ್ತಿದ್ದೆ."

"ಯಾವ ನಾಲ್ಕು ಮಾತು?"

"ಇದೇ ಕೊನೇ ಕ್ಯಾಂಪು ಅಂತ. ಟೆಂಟುಗಳನ್ನ ಯಾರಿಗಾದ್ರೂ ಕೊಟ್ಟುಬಿಡೋದು. ಮುಂದಿನ ವರ್ಷದಿಂದ ಹೋಟೆಲಿನಲ್ಲಿ ಒಂದು ಹಾಲ್ ಹಿಡಿಯೋದು. ಹೋದ ವರ್ಷ ಆ ದಂಡೆ ಮೇಲೆ ಜಾರಿಬಿದ್ಲಲ್ಲ, ಮರೆತ್ಯಾ? ನಾನು ಹೇಳಿದ್ರೆ ಮಗ ನಿಲ್ಲಿಸ್ದ ಅಂತಾರೆ. ಅದಕ್ಕೇ ಅವಳ ಬಾಯಿಂದಲೇ ಬರಲಿ ಅಂದೆ."

"ಅವಳು ಒಪ್ಪಿದ್ಲಾ?"

"ಬೇಡ ಅನ್ನಲಿಲ್ಲ."

ಅತ್ತೆಯ ಮುಖದಲ್ಲಿ ಗೆದ್ದವರ ಕಳೆ ಇರಲಿಲ್ಲ. ಅಳು ತಡೆಯುವವಳ ಹಾಗೆ ಕಂಡಳು.

ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಏನು ಕಳೀತು ಅಂತ ಎಲ್ಲರೂ ಕೇಳ್ತಾರೆ. ಕಳೆದಿದ್ದರಿಂದ ಯಾವ ಕೆಲಸ ನಿಂತುಹೋಯ್ತು ಅಂತ ಕೇಳ್ಬೇಕು."

ನನಗೆ ಆಗ ಹೊಳೆಯಿತು. ಹೊಳೆದದ್ದು ಬೇಡವಾಗಿತ್ತು ಅನ್ನಿಸಿತು.

"ಅತ್ತೆ, ಅಜ್ಜಿ ಕಿವಿಯಲ್ಲಿ ಹೇಳಿ ಮುಗಿಸಿಬಿಡೋಣ. ಇವತ್ತು ಅವಳ ಹುಟ್ಟುಹಬ್ಬ ಅಲ್ವಾ."

"ಆ ಹುಡುಗಿಯ ಮಾನ ಹೋಗಿದ್ದು ಎಲ್ಲರೆದುರಿಗೆ. ವಾಪಸ್ ಬರೋದೂ ಎಲ್ಲರೆದುರಿಗೇ ಬರಬೇಕು. ಹೋಗು, ನಿನ್ನಣ್ಣನ ಕಾರು ಹೊರಡದ ಹಾಗೆ ನೋಡ್ಕೋ."

ಕಾರುಗಳು ಒಂದೊಂದಾಗಿ ಬಂದವು. ಮರಗಳ ನಡುವೆ ಬಣ್ಣದ ಕಾಗದದ ಮಾಲೆ, ಮೇಜಿನ ಮೇಲೆ ಕೇಕು. ಇಳಿದವರೆಲ್ಲ ಮೊದಲು ಅಜ್ಜಿಯನ್ನು ನೋಡಿ, ಆಮೇಲೆ ಅಮ್ಮನನ್ನು ಕೇಳಿ, ಕೊನೆಗೆ ಅತ್ತಿಗೆಯ ಕಡೆ ಕಣ್ಣು ಹಾಯಿಸಿದರು. ನಾನು ಅತ್ತಿಗೆಯ ಕೈ ಹಿಡಿದುಕೊಂಡೇ ನಿಂತಿದ್ದೆ. ಅವಳು ಚೀಲವನ್ನು ಕೆಳಗಿಡಲಿಲ್ಲ.

"ಸೀಟಿ ಊದು," ಎಂದಳು ಅತ್ತೆ ಅಪ್ಪನಿಗೆ.

ಅಪ್ಪ ಊದಿದ. ಗದ್ದಲ ನಿಂತಿತು.

"ಹಲ್ಲು ಸಿಕ್ಕಿದೆ. ಅದು ಕೆರೆಗೆ ಬೀಳಲೇ ಇಲ್ಲ. ನನ್ನ ಅಣ್ಣನ ಸೊಸೆ ಚೆಲ್ಲಿದ್ದು ಬರೀ ನೀರು."

"ಹಾಗಾದ್ರೆ ಕದ್ದವರು ಯಾರು?" ಯಾರೋ ಕೂಗಿದರು.

"ಹೇಳ್ತೀನಿ. ಅಮ್ಮನ ಟೆಂಟಿನ ಕಸದ ಚೀಲವನ್ನ ರಾತ್ರಿ ಕೊಡವಿ ಖಾಲಿ ಮಾಡಿದ್ರು. ಬೆಳಕು ಹರಿದ ಮೇಲೆ ಒಂದು ಬಟ್ಟಲು ಕಡಲೆಕಾಯಿ ಒಳಗೆ ಹೋಯ್ತು. ಈಗ ಚೀಲದಲ್ಲಿ ಸಿಪ್ಪೆ ಇದೆ. ತಿಂದಿದ್ದು ಯಾರು? ಮಕ್ಕಳು ಅತ್ತ ಸುಳಿದಿಲ್ಲ. ಬೇರೆ ಯಾರೇ ತಿಂದಿದ್ರೂ ಸಿಪ್ಪೆಯನ್ನ ಅವರವರ ಚೀಲಕ್ಕೆ ಹಾಕ್ತಿದ್ರು. ಇನ್ನೊಬ್ಬರ ಚೀಲಕ್ಕೆ ಹಾಕೋ ಧೈರ್ಯ ನಮ್ಮಲ್ಲಿ ಯಾರಿಗಿದೆ?" ಅತ್ತೆಯ ದನಿ ಸಣ್ಣಗಾಯಿತು. "ಮೆತ್ತನೆ ಬ್ರೆಡ್ಡು ಹಾಗೇ ಉಳೀತು. ಹುರಿದ ಕಡಲೆಕಾಯಿ ಖರ್ಚಾಯ್ತು. ಹಲ್ಲಿಲ್ಲದೆ ಅದನ್ನ ಅಗಿಯೋಕಾಗುತ್ತಾ? ಹಸಿವು ತಡೀಲಿಲ್ಲ. ಸಿಪ್ಪೆಯನ್ನ ದಿಂಬಿನಡಿ ಅಡಗಿಸಿದ್ರೆ ನಾನು ಸೋತುಹೋಗ್ತಿದ್ದೆ. ಆದ್ರೆ ತಾನೇ ಮಾಡಿದ ಕಾನೂನು ಮುರಿಯೋಕೆ ಕೈ ಬರಲಿಲ್ಲ. ಅಮ್ಮಾ, ಮುಂದಿನದನ್ನ ನೀನು ಹೇಳ್ತೀಯಾ, ನಾನೇ ಹೇಳಲಾ?"

ಎಲ್ಲರೂ ಅಜ್ಜಿಯ ಕಡೆ ತಿರುಗಿದರು.

ಅಜ್ಜಿ ನಿಧಾನವಾಗಿ ಶಾಲು ಕೆಳಗಿಳಿಸಿದಳು. ಹಲ್ಲು ಬಾಯಲ್ಲೇ ಇತ್ತು, ಮೇಲಿನದೂ ಕೆಳಗಿನದೂ. ಯಾರೋ ಪಕ್ಕನೆ ನಕ್ಕು, ಮರುಕ್ಷಣ ಬಾಯಿ ಮುಚ್ಚಿಕೊಂಡರು.

"ಇಲ್ಲೇ ಇದೆ," ಎಂದಳು. "ಬೆಳಗ್ಗೆ ಎದ್ದು ಹಾಕ್ಕೊಂಡು, ಲೋಟ ಹೊರಗಿಟ್ಟೆ. ಆಮೇಲೆ ಇವನು ಹೇಳಿಕೊಟ್ಟ ಮಾತು ನೆನಪಾಯ್ತು. ಅದನ್ನ ಹೇಗೆ ಹೇಳಲಿ? ಹಲ್ಲೇ ಇಲ್ಲ ಅಂದ್ರೆ ಮಾತೂ ತಪ್ಪುತ್ತೆ ಅಂತ ಮುಸುಕು ಎಳ್ಕೊಂಡೆ. ನನಗೆ ಈ ಕ್ಯಾಂಪು ಬೇಕು. ವರ್ಷವೆಲ್ಲ ನಾನು ಕಾಯೋದು ಇದೊಂದಕ್ಕೇ."

"ಬೇಡ ಅಂದಿದ್ರೆ ಆಗ್ತಿತ್ತಲ್ಲಮ್ಮ!" ಎಂದ ಅಪ್ಪ.

"ನಿಮ್ಮಪ್ಪ ಹೋದ ಮೇಲೆ ನೀವು ಹೇಳಿದ್ದಕ್ಕೆಲ್ಲ ಹೂಂ ಅಂದೂ ಅಂದೂ, ಬೇಡ ಅನ್ನೋದೇ ಮರೆತುಹೋಗಿತ್ತು ಕಣೋ."

ಆಮೇಲೆ ಅಜ್ಜಿ ಅತ್ತಿಗೆಯನ್ನು ನೋಡಿದಳು. "ಮಗಳೇ, ನಿನ್ನ ಮೇಲೆ ಬರುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಬಂದಾಗ ಬಾಯಿ ಬಿಡೋಕೆ ಧೈರ್ಯ ಆಗ್ಲಿಲ್ಲ. ತಪ್ಪಾಯ್ತು."

ಅತ್ತಿಗೆ ನನ್ನ ಕೈ ಬಿಡಿಸಿಕೊಂಡಳು. ಅಜ್ಜಿಯೆದುರು ಹೋಗಿ ನಿಂತಳು.

"ನಾನು ಅಳ್ತಾ ಬ್ರೆಡ್ಡು ತಂದುಕೊಟ್ಟೆ. ನೀವು ನನ್ನನ್ನ ನೋಡ್ತಾ ಕೂತಿದ್ರಿ ಅಜ್ಜಿ."

"ಹೂಂ."

"ಒಂದು ಮಾತು ಹೇಳ್ಲಿಲ್ಲ."

"ಹೇಳ್ಲಿಲ್ಲ." ಅಜ್ಜಿ ಕಣ್ಣು ತಪ್ಪಿಸಲಿಲ್ಲ. "ಮುಂದಿನ ವರ್ಷದ ಮಾತನ್ನ ನೀನೇ ಹೇಳು. ನೀನು ಬರ್ತೀನಿ ಅಂದ್ರೆ ಕ್ಯಾಂಪು. ಇಲ್ಲಾಂದ್ರೆ ಹೋಟೆಲು. ನಾನು ಬಾಯಿ ಮುಚ್ಕೊಂಡು ಬರ್ತೀನಿ."

ಹೂಂ ಅನ್ನಲಿ, ಅಜ್ಜಿಯನ್ನು ಅಪ್ಪಿಕೊಳ್ಳಲಿ, ಎಲ್ಲ ಸರಿಹೋಗಲಿ ಎಂದು ಎಲ್ಲರ ಜೊತೆ ನಾನೂ ಕಾದೆ.

"ಈಗ ಹೇಳಲ್ಲ," ಎಂದಳು ಅತ್ತಿಗೆ. "ಬೆಳಗ್ಗೆಯಿಂದ ನಾನು ಕಾದಿದೀನಿ. ನೀವೂ ಸ್ವಲ್ಪ ಕಾಯಿರಿ." ಚೀಲವನ್ನು ಕೆಳಗಿಟ್ಟು, ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತಳು. "ನಂಗೆ ಹಸಿವಾಗಿದೆ."

ಅಮ್ಮ ಅವಸರದಿಂದ ತಟ್ಟೆ ತುಂಬಿಸಿದಳು. ನಮ್ಮಲ್ಲಿ ಮೊದಲ ತಟ್ಟೆ ಯಾವತ್ತೂ ಅಜ್ಜಿಯದು. ಅಭ್ಯಾಸಬಲದಿಂದ ಅತ್ತ ಹೆಜ್ಜೆಯಿಟ್ಟವಳು ನಡುವೆಯೇ ನಿಂತಳು. ತಿರುಗಿ ಬಂದು ಅದನ್ನು ಅತ್ತಿಗೆಯ ಕೈಗೆ ಕೊಟ್ಟಳು.

"ಬೆಳಗ್ಗೆ ನಾನು ಹಾಗೆ ಅನ್ನಬಾರದಿತ್ತು," ಎಂದಳು.

ಅಪ್ಪ ಏನೋ ಹೇಳಲು ಹೊರಟ.

"ಸುಮ್ನಿರೋ," ಎಂದಳು ಅಜ್ಜಿ. "ಅವಳು ತಿನ್ನಲಿ."

ಅತ್ತಿಗೆ ಮೊದಲ ತುತ್ತು ಬಾಯಿಗಿಡುವವರೆಗೂ ನಾವು ಯಾರೂ ಕೂರಲಿಲ್ಲ.