ಟ್ಯೂಬ್ ತಿರುಗಿಸದ ದಿನ

"ನನ್ನ ಡಿಟೆಕ್ಟರ್ ಸುಳ್ಳು ಹೇಳುತ್ತೆ ಅಂತ ಬರೆದಿದ್ದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ವರದಿ ಮೇಜಿನ ಮೇಲೆ ಬಿದ್ದ ರಭಸಕ್ಕೆ ಅವಳ ಪೆನ್ನು ಉರುಳಿ ನೆಲ ಸೇರಿತು.

ಎದುರಿಗಿದ್ದವನು ಆ ಡಿಟೆಕ್ಟರ್ ಕಟ್ಟಿದ ಎಂಜಿನಿಯರ್; ಅವಳು ಅದನ್ನು ಪರೀಕ್ಷಿಸಿದ ವಿಜ್ಞಾನಿ. ನಾಲ್ಕು ವರ್ಷದ ದುಡಿಮೆ! ಅದು ಉಪಗ್ರಹ ಏರಬೇಕೋ, ಮೂಲೆ ಸೇರಬೇಕೋ ಎಂದು ಸಮಿತಿ ಇವತ್ತೇ ತೀರ್ಮಾನಿಸಲಿತ್ತು.

"ಪರೀಕ್ಷೆಯಲ್ಲಿ ಕಂಡದ್ದನ್ನ ಬರೆದೆ..."

"ಮೀಟಿಂಗಲ್ಲಿ ನಿಮ್ಮನ್ನ ಮೌನಗೌರಿ ಅಂದೆನಲ್ಲ, ಆ ಸೇಡು ತಾನೇ ಇದು?"

'ಛೇ! ನನ್ನನ್ನು ಇಷ್ಟು ಸಣ್ಣವಳು ಅಂದುಕೊಂಡನಾ?' ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ನಿಮ್ಮ ಡಿಟೆಕ್ಟರ್ ಸರಿ ಇದ್ದಿದ್ರೆ ನಾನ್ಯಾಕೆ ಹಾಗೆ ಬರೀತಿದ್ದೆ? ಆಚೆ ನಡೀರಿ!"

ಬಾಗಿಲು ಧಡಾರನೆ ಮುಚ್ಚಿತು.

ದೂರದ ತಾರೆಗಳ ಎಕ್ಸ್-ಕಿರಣ ಯಾವ ದಿಕ್ಕಿಗೆ ಕಂಪಿಸುತ್ತದೆಂದು ಅಳೆಯುವ ಸಾಧನವದು. ಯಾವ ದಿಕ್ಕಿಗೂ ವಾಲದ ಕಿರಣ ಕೊಟ್ಟರೆ ಸೊನ್ನೆ ತೋರಿಸಬೇಕು. ತೋರಿಸಿರಲಿಲ್ಲ.

ಅವನ ಸೊಕ್ಕು ಮುರಿಯಲೆಂದೇ ಅವಳು ಮತ್ತೊಮ್ಮೆ ಪರೀಕ್ಷಾ ಕೊಠಡಿಗೆ ಹೋದಳು. ಪರೀಕ್ಷೆಗೆ ಕಿರಣ ಬಿಡುವ ಎಕ್ಸ್-ರೇ ಟ್ಯೂಬಿನ ಹಿಡಿಕೆ ನೋಡಿದವಳೇ ದಂಗಾದಳು.

ಟ್ಯೂಬಿನ ಕಿರಣಕ್ಕೇ ಒಂದು ದಿಕ್ಕಿಗೆ ಒಂದಿಷ್ಟು ವಾಲು ಇರುತ್ತದೆ. ಅರ್ಧ ಅಳತೆಯಾದ ಮೇಲೆ ಟ್ಯೂಬನ್ನು ಕಾಲು ಸುತ್ತು ತಿರುಗಿಸಿ ಉಳಿದರ್ಧ ಮಾಡಿದರೆ, ಎರಡೂ ಸೇರಿ ಆ ವಾಲು ಅಳಿಸಿಹೋಗುತ್ತದೆ. ಆದರೆ ಟ್ಯೂಬನ್ನು ಹಿಡಿದಿಡುವ ಪಿನ್ನು ಇನ್ನೂ ಮೊದಲ ತೂತಿನಲ್ಲೇ ಇತ್ತು!

ನೆನಪಾಯಿತು. ಅಂದು ಅರ್ಧ ಮುಗಿದ ಹೊತ್ತಿಗೇ ಅವನು ಬಂದು, "ಇನ್ನೂ ಎಷ್ಟು ದಿನ ಎಳೀತೀರಿ?" ಎಂದು ಕೂಗಾಡಿದ್ದ. ಕಣ್ಣೊರೆಸಿಕೊಂಡು, ಗಡಿಬಿಡಿಯಲ್ಲಿ ಪರೀಕ್ಷಾ ಪಟ್ಟಿಯ 'ತಿರುಗಿಸಿದೆ' ಎಂಬಲ್ಲಿ ಗುರುತು ಹಾಕಿ, ತಿರುಗಿಸದೆಯೇ ಮುಂದುವರಿದಿದ್ದಳು.

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಬಾಯಿಬಿಟ್ಟರೆ... ಅವಳ ಕೆಲಸ ಕಾಯಂ ಆಗುವುದೂ ಇದೇ ಸಮಿತಿಯ ಕೈಯಲ್ಲಿತ್ತು.

ಸಮಿತಿಯ ಸಭೆಯಲ್ಲಿ ಅವಳು ಎದ್ದು ನಿಂತಳು.

"ತಪ್ಪು ಡಿಟೆಕ್ಟರದ್ದಲ್ಲ. ನಂದು... ನಾನು ಟ್ಯೂಬ್ ತಿರುಗಿಸಲೇ ಇಲ್ಲ."

"ಮಾಡದ ಕೆಲಸಕ್ಕೆ ಗುರುತು ಹಾಕಿದ್ರಾ?" ಸಮಿತಿಯ ಮುಖ್ಯಸ್ಥೆ ಕನ್ನಡಕ ತೆಗೆದರು. "ನಿಮ್ಮ ಕಾಯಂ ವಿಚಾರ ಒಂದು ವರ್ಷ ಮುಂದಕ್ಕೆ. ಡಿಟೆಕ್ಟರ್ ಪರೀಕ್ಷೆ ಮತ್ತೆ ಆಗಲಿ."

ಎದುರು ಸಾಲಿನಲ್ಲಿ ಕೂತಿದ್ದ ಎಂಜಿನಿಯರ್ ತಲೆ ತಗ್ಗಿಸಿದ.

ಮೂರನೆಯ ದಿನ ಎರಡೂ ಅರ್ಧಗಳು ಸೇರಿದವು. ಸೊನ್ನೆ! ಡಿಟೆಕ್ಟರ್ ಗೆದ್ದಿತ್ತು.

ಹೊರಬಂದರೆ, ಬಾಗಿಲ ಪಕ್ಕ ಅವನು.

"ಒಳಗೆ ಬರೋ ಧೈರ್ಯ ಆಗಲಿಲ್ಲ. ಆವತ್ತು ನಾನು ಕೂಗಾಡಿದ್ದಕ್ಕೇ ಹೀಗಾಯ್ತು ಅಂತ ಯಾಕೆ ಹೇಳಲಿಲ್ಲ?"

"ಕೈ ನಂದಲ್ವಾ? ತಪ್ಪೂ ನಂದೇ."

"ನಾನು ಮುಖ್ಯಸ್ಥೆಗೆ ಎಲ್ಲಾ ಬರೆದು ಕೊಟ್ಟೆ. ಬೈದರು. ನಿಮ್ಮ ಆ ಒಂದು ವರ್ಷ ಮಾತ್ರ ಕಮ್ಮಿ ಮಾಡಲಿಲ್ಲ..."

ಅವಳಿಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

"ಒಂದು ಕೇಳ್ತೀನಿ. ದಿನಾ ಯಾಕ್ರೀ ಬರ್ತಿದ್ರಿ, ನನ್ನ ಜೊತೆ ಜಗಳಕ್ಕೆ?"

ಅವನು ಗೋಡೆಯತ್ತ ಮುಖ ತಿರುಗಿಸಿದ.

"ಜಗಳ ಆಡಿದಾಗ ಮಾತ್ರ ನೀವು ಮಾತಾಡ್ತಿದ್ರಿ... ಇಷ್ಟ ಅಂತ ಹೇಳೋಕೆ ಬರಲಿಲ್ಲ ನಂಗೆ."

ಅವಳ ಕಿವಿ ಬಿಸಿಯಾಯಿತು.

"ನಾಳೆಯಿಂದ ಜಗಳ ಇಲ್ಲದೇನೂ ಬನ್ನಿ," ಎಂದಳು ಮೆಲ್ಲಗೆ. "ಆದ್ರೆ ಅಳತೆ ನಡೀವಾಗ ಬಂದ್ರೋ... ಕತ್ತು ಹಿಡಿದು ಆಚೆ ಹಾಕ್ತೀನಿ!"

"ಹಾಕಿ," ಅಂದ ಅವನು. "ಹೊರಗೇ ಕಾಯ್ತೀನಿ."